ಬೆಳಗಿನ ಕ್ರಿಯೋನನಿಗೆ ಸಂಜೆ ಗೊತ್ತಿಲ್ಲ: ದುರಂತ ನಾಟಕದ ಪಾತ್ರಗಳನ್ನು ನಿರ್ದೇಶಕರು ಓದುವ ಬಗೆ

ಧಾರವಾಡದಲ್ಲಿ ನಾವು 11 ಜನ ಸೇರಿ ಸೋಫೋಕ್ಲಿಸ್‌ನ 'ಅಂತಿಗೊನೆ' ನಾಟಕದ ತಾಲೀಮು ನಡೆಸುತ್ತಿದ್ದೇವೆ. ಸಾಧನಕೇರಿ ಕಡೆ ಒಂದು ಹಳೆಯ ಮನೆಯ ಪಡಸಾಲೆ ಸಿಕ್ಕಿದೆ. ಸಂಜೆ ಆರಕ್ಕೆ ಶುರು. ನಿರ್ದೇಶಕರ ಪಕ್ಕ ಕೂತು ರಂಗಪ್ರತಿ ನೋಡಿಕೊಳ್ಳುವ ಕೆಲಸ ನನ್ನದು. ಆ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿಕೊಂಡಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ದುರಂತ ನಾಟಕ ಓದುತ್ತಿರುವವರಿಗೆ, ಮುಂದೆ ಒಂದು ದಿನ ನಾಟಕ ಕಟ್ಟಬೇಕು ಅಂತ ಆಸೆ ಇರುವವರಿಗೆ ಉಪಯೋಗ ಆಗಬಹುದು.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಥೀಬ್ಸ್ ಪಟ್ಟಣದ ದೊರೆಯಾಗಿದ್ದ ಈಡಿಪಸ್‌ಗೆ ಇಬ್ಬರು ಗಂಡುಮಕ್ಕಳು. ಒಬ್ಬ ಊರಿನ ಪರ, ಇನ್ನೊಬ್ಬ ಹೊರಗಿನ ಸೈನ್ಯ ಕಟ್ಟಿಕೊಂಡು ಬಂದವನು. ಇಬ್ಬರೂ ಒಬ್ಬರನ್ನೊಬ್ಬರು ಕೊಂದುಕೊಂಡಿದ್ದಾರೆ. ಸೋದರಮಾವ ಕ್ರಿಯೋನ್ ಪಟ್ಟಕ್ಕೆ ಬಂದಿದ್ದಾನೆ. ಊರಿನ ಮೇಲೆ ದಂಡೆತ್ತಿ ಬಂದ ಪಾಲಿನೈಸಸ್‌ನನ್ನು ಯಾರೂ ಮಣ್ಣು ಮಾಡಬಾರದು ಅಂತ ಡಂಗುರ ಹೊಡೆಸಿದ್ದಾನೆ. ತಂಗಿ ಅಂತಿಗೊನೆ ಮಣ್ಣು ಹಾಕುತ್ತಾಳೆ. ಅವಳಿಗೆ ಗೊತ್ತಾಗಿರುವ ವರ ಹೈಮೋನ್, ಕ್ರಿಯೋನನ ಮಗ. ಸೋದರಮಾವನ ಮಗನ ಜೊತೆ ಮದುವೆ ಅಂದರೆ ನಮ್ಮ ಕಡೆ ಯಾರಿಗೂ ವಿವರಿಸಿ ಹೇಳಬೇಕಿಲ್ಲ. ಈ ನಾಟಕ ಮೊದಲು ಆಡಿದ್ದು ಕ್ರಿ.ಪೂ. 441ರ ಸುಮಾರಿಗೆ, ಅಥೆನ್ಸ್‌ನಲ್ಲಿ.

ಕ್ರಿಯೋನ್ ಮಾಡುವ ಗೆಳೆಯ ಗದಗಿನವನು. ದೊಡ್ಡಾಟದ ಮನೆತನ. ಮೊದಲ ದಿನ ಅವನು ನೆಲ ನಡುಗುವ ಹಾಗೆ ಹೆಜ್ಜೆ ಹಾಕುತ್ತ ಬಂದ. ಹುಬ್ಬು ಗಂಟು, ದನಿ ಗಡಸು. ನಮಗೆಲ್ಲ ಖುಷಿಯಾಯಿತು, ಎಂಥಾ ಎಂಟ್ರಿ ಅಂತ. ನಿರ್ದೇಶಕರು, ಅಂದರೆ ನಮ್ಮ ಸರ್, ಕೇಳಿದರು:

"ಯಾಕ ತಮ್ಮಾ, ಇಷ್ಟ್ ಸಿಟ್ಟ್ ಯಾರ ಮ್ಯಾಲ?"

"ಇವ ಕೆಟ್ಟವ ಅಲ್ಲೇನ್ರಿ ಸರ್?"

"ಅದು ನಿನಗ ಗೊತ್ತು. ಅವಗ ಗೊತ್ತೈತೇನು?"

ಆ ದಿನ ನನ್ನ ಪ್ರತಿಯಲ್ಲಿ ಬರೆದುಕೊಂಡ ಮೊದಲ ಮಾತು ಇದೇ. ನಾವು ದುರಂತ ನಾಟಕವನ್ನು ಕೊನೆಯಿಂದ ಓದುತ್ತೇವೆ. ಮಗ ಸತ್ತ, ಹೆಂಡತಿ ಸತ್ತಳು, ಸೊಸೆಯಾಗಬೇಕಾದವಳು ಸತ್ತಳು, ಹಾಗಾದರೆ ಇವನು ಶುರುವಿನಿಂದಲೇ ಕ್ರೂರಿ. ಆದರೆ ಪಾತ್ರ ಹಾಗೆ ಬದುಕುವುದಿಲ್ಲ. ಬೆಳಿಗ್ಗೆ ಹೊರಗೆ ಬಂದ ಕ್ರಿಯೋನನಿಗೆ ಸಂಜೆ ಏನಾಗುತ್ತದೆ ಅಂತ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ನಿನ್ನೆ ರಾತ್ರಿಯವರೆಗಿನದು ಮಾತ್ರ. ಶತ್ರು ಸೈನ್ಯ ಈಗಷ್ಟೇ ಓಡಿಹೋಗಿದೆ. ಊರು ಉಳಿದಿದೆ. ಹಿರಿಯರನ್ನು ಕರೆಸಿದ್ದಾನೆ. ಅಧಿಕಾರ ಕೈಗೆ ಬಂದು ಕಾನೂನು ಮಾಡುವವರೆಗೆ ಯಾವ ಮನುಷ್ಯನ ಬುದ್ಧಿಯೂ ಗೊತ್ತಾಗುವುದಿಲ್ಲ ಅಂತ ಅವನೇ ಹೇಳುತ್ತಾನೆ. ಅಂದರೆ ಇದು ಅವನ ಪರೀಕ್ಷೆ, ಅದು ಅವನಿಗೆ ಗೊತ್ತಿದೆ. ಎದುರಿಗಿರುವ ಮುದುಕರು ತನ್ನ ಮಾತಿಗೆ ಹೂಂ ಅನ್ನುತ್ತಾರೋ ಇಲ್ಲವೋ ಅನ್ನುವ ಅಳುಕು ಆ ಮಾತಿನೊಳಗೇ ಇದೆ.

ಸರ್ ಗೆಳೆಯನ ಕೈಗೆ ಒಂದು ಕಾಗದ ಕೊಟ್ಟು ಆಜ್ಞೆಯನ್ನು ಅದರಿಂದ ಓದಿಸಿದರು. ಊರ ಹಿರಿಯರಾಗಿ ನಿಲ್ಲುವ ಮೇಳದವರಿಗೆ ಒಂದೇ ಸೂಚನೆ: ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಉಸಿರೆತ್ತಬಾರದು. ಅವನು ಓದಿದ, ತಲೆ ಎತ್ತಿದ, ಒಬ್ಬೊಬ್ಬರ ಮುಖ ನೋಡಿದ. ಕಾಗದ ಹಿಡಿದ ಬೆರಳು ಅದನ್ನು ಮಡಚತೊಡಗಿತು, ಮತ್ತೆ ಬಿಚ್ಚಿತು. ಯಾರೂ ಹೇಳಿಕೊಟ್ಟಿದ್ದಲ್ಲ. ಆ ಗಡಸು ದನಿ ಎಲ್ಲೋ ಹೋಗಿತ್ತು. ಕೂತಿದ್ದ ನಮಗೆ ಮೊದಲ ಸಲ ಆ ಮನುಷ್ಯನ ಬಗ್ಗೆ ಭಯ ಹುಟ್ಟಿತು. ಅಳುಕುವ ದೊರೆ ಕೂಗಾಡುವ ದೊರೆಗಿಂತ ಜಾಸ್ತಿ ಅಪಾಯ, ಅಲ್ವಾ?

ಹಟಮಾರಿ ಅನ್ನುವ ಹಣೆಪಟ್ಟಿ

ಪರೀಕ್ಷೆಗೆ ಓದುವಾಗ ನಾವೆಲ್ಲ ಬರೆಯುವ ಉತ್ತರ ಒಂದೇ: ಅರಿಸ್ಟಾಟಲ್ ಹೇಳಿದ ಹಮಾರ್ಷಿಯಾ, ಅಂದರೆ ದುರಂತ ದೋಷ, ಕ್ರಿಯೋನನದು ಹಟ. ಆದರೆ ಆ ಗ್ರೀಕ್ ಪದದ ಮೂಲ ಅರ್ಥ ಗುರಿ ತಪ್ಪುವುದು. ಬಾಣ ಬಿಟ್ಟವನು ಗುರಿ ಇಟ್ಟೇ ಬಿಟ್ಟಿರುತ್ತಾನೆ. ದೋಷ ಅಂದರೆ ಅದು ಸ್ವಭಾವದಲ್ಲಿ ಅಂಟಿಕೊಂಡ ಕಲೆ. ಗುರಿ ತಪ್ಪಿದ ಅಂದರೆ ಅದೊಂದು ಕೆಲಸ. ನಟನಿಗೆ ಬೇಕಾಗುವುದು ಕೆಲಸ. "ಹಟಮಾರಿಯಾಗಿರು" ಅಂದರೆ ಅವನು ದವಡೆ ಬಿಗಿ ಹಿಡಿದು ನಿಲ್ಲುತ್ತಾನೆ, ಅಷ್ಟೇ.

ನಾಟಕವನ್ನೇ ಕೇಳಿ ನೋಡಿ, ಅವನು ಅಷ್ಟು ಹಟಮಾರಿಯೂ ಅಲ್ಲ. ಮೊದಲು ಅಂತಿಗೊನೆ, ಅವಳ ತಂಗಿ ಇಸ್ಮೆನೆ ಇಬ್ಬರಿಗೂ ಸಾವು ಅನ್ನುತ್ತಾನೆ. ಮೇಳದವರು "ಇಬ್ಬರನ್ನೂ ಕೊಲ್ಲುತ್ತೀಯಾ?" ಅಂತ ಕೇಳಿದ್ದೇ ತಡ, ಇಸ್ಮೆನೆಯನ್ನು ಬಿಡುತ್ತಾನೆ. ಆಜ್ಞೆ ಮೀರಿದವರಿಗೆ ಎಲ್ಲರೆದುರು ಕಲ್ಲು ಹೊಡೆದು ಕೊಲ್ಲುವ ಶಿಕ್ಷೆ ಅಂತ ಇತ್ತು. ಮಗನ ಜೊತೆ ಜಗಳ ಆದ ಮೇಲೆ ಅದು ಬದಲಾಗುತ್ತದೆ: ಗುಹೆಯಲ್ಲಿ ಜೀವಂತ ಮುಚ್ಚುವುದು, ಸ್ವಲ್ಪ ಅನ್ನವನ್ನೂ ಇಡುವುದು, ಊರಿಗೆ ಪಾಪ ತಟ್ಟದಿರಲಿ ಅಂತ. ಕೊನೆಗೆ ಕುರುಡ ಜ್ಯೋತಿಷಿ ಟೈರೀಸಿಯಸ್ ಬಂದು ಹೋದ ಮೇಲೆ ಪೂರ್ತಿ ಬಾಗುತ್ತಾನೆ. ಮೂರು ಸಲ ಬಾಗಿದ ಮನುಷ್ಯ ಇವನು. ಪ್ರತಿ ಸಲ ಬಾಗಿದ್ದು ಸಾಕಾಗಲಿಲ್ಲ. ನಮ್ಮ ರಂಗಪ್ರತಿಯಲ್ಲಿ ಆ ಮೂರು ಜಾಗಕ್ಕೂ ಕೆಂಪು ಗುರುತು ಹಾಕಿದ್ದೇನೆ. ನಟ ಈಗ ಆ ಮೂರು ಮೆಟ್ಟಿಲು ಹಿಡಿದು ಇಳಿಯುತ್ತಾನೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡಿತು. ಕೊನೆಯಲ್ಲಿ ರಾಣಿ ಯೂರಿಡೈಸಿ ಸತ್ತ ಸುದ್ದಿ ಬರುತ್ತದೆ. ಸಾಯುವ ಮೊದಲು ಅವಳು ಹೈಮೋನ್‌ಗೂ ಮೊದಲೇ ಸತ್ತ ಇನ್ನೊಬ್ಬ ಮಗನಿಗಾಗಿ ಅತ್ತಳಂತೆ. ಮೆಗಾರಿಯಸ್ ಅಂತ ಅವನ ಹೆಸರು. ಅಂದರೆ ಕ್ರಿಯೋನ್ ಆಗಲೇ ಒಬ್ಬ ಮಗನನ್ನು ಕಳೆದುಕೊಂಡವನು! ಆದರೆ ನಾಟಕದ ಉದ್ದಕ್ಕೂ ಅವನು ಆ ಮಗನ ಹೆಸರು ಎತ್ತುವುದಿಲ್ಲ. ನಿರ್ದೇಶಕರು ಹುಡುಕಬೇಕಾದ್ದು ಇಂಥದ್ದನ್ನು. ಊರಿಗಿಂತ ತನ್ನವರು ಹೆಚ್ಚು ಅನ್ನುವವನು ನನಗೆ ಲೆಕ್ಕಕ್ಕೇ ಇಲ್ಲ ಅಂತ ಅವನು ಹೇಳುವಾಗ ಆ ಮಗ ಮನಸ್ಸಿನಲ್ಲಿ ಇದ್ದಾನೋ ಇಲ್ಲವೋ? ಗೆಳೆಯನಿಗೆ ಇದನ್ನು ಹೇಳಿದ ದಿನ ಅವನು ಆ ಸಾಲನ್ನು ಬರೀ ಪಿಸುಮಾತಿನಲ್ಲಿ ಹೇಳಿದ.

ಮೊದಲು ಎಲ್ಲಿಗೆ ಓಡಿದ?

ಇದು ನನ್ನ ಪ್ರಕಾರ ಇಡೀ ನಾಟಕದ ಗಂಟು. ಟೈರೀಸಿಯಸ್ ಹೋದ ಮೇಲೆ ಕ್ರಿಯೋನ್ ಮೇಳದವರನ್ನು ಕೇಳುತ್ತಾನೆ, ಏನು ಮಾಡಲಿ? ಅವರ ಉತ್ತರ ಸ್ಪಷ್ಟ: ಹೋಗಿ ಹುಡುಗಿಯನ್ನು ಗುಹೆಯಿಂದ ಬಿಡಿಸು, ಬಯಲಲ್ಲಿ ಬಿದ್ದವನಿಗೆ ಗೋರಿ ಕಟ್ಟು. ಆಮೇಲೆ ದೂತ ಬಂದು ನಡೆದದ್ದನ್ನು ಹೇಳುತ್ತಾನೆ. ಕ್ರಿಯೋನ್ ಮೊದಲು ಹೋದದ್ದು ಹೆಣದ ಹತ್ತಿರ. ನಾಯಿ ಹರಿದು ಉಳಿದದ್ದನ್ನು ತೊಳೆದರು, ಹಸಿ ರೆಂಬೆ ಕಡಿದು ತಂದು ಸುಟ್ಟರು, ಎತ್ತರದ ದಿಬ್ಬ ಕಟ್ಟಿದರು. ಅದಾದ ಮೇಲೆ ಗುಹೆಗೆ ಹೋದರು. ಅಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿದ್ದಳು.

ಎಷ್ಟೋ ಸಲ ಓದಿದ್ದೆ, ಗಮನಿಸಿರಲಿಲ್ಲ. ಸರ್ ಪಡಸಾಲೆಯ ಒಂದು ಮೂಲೆಯಲ್ಲಿ ಸುತ್ತಿದ ಜಮಖಾನ ಇಟ್ಟರು, ಇನ್ನೊಂದು ಮೂಲೆಯ ಬಾಗಿಲ ಹಿಂದೆ ಅಂತಿಗೊನೆಯನ್ನು ಕೂಡಿಸಿದರು. "ಓಡು" ಅಂದರು. ಮೊದಲ ಸಲ ಗೆಳೆಯ ಬಾಗಿಲಿಗೆ ಓಡಿದ. ನಾವೆಲ್ಲ ಮಾಡುವುದೂ ಅದನ್ನೇ, ಬದುಕಿದವರ ಕಡೆ ಓಡುತ್ತೇವೆ. ಎರಡನೇ ಸಲ ಟೈರೀಸಿಯಸ್‌ನ ಮಾತನ್ನು ಪೂರ್ತಿ ಕೇಳಿಸಿ ಆಮೇಲೆ ಓಡಿಸಿದರು. ಆ ಮಾತಿನಲ್ಲಿ ಏನಿದೆ? ಹದ್ದುಗಳು, ನಾಯಿಗಳು ಹೆಣದ ಮಾಂಸ ತಂದು ದೇವರ ಕಟ್ಟೆಗಳನ್ನೆಲ್ಲ ಮೈಲಿಗೆ ಮಾಡಿವೆ, ಹೋಮದ ಬೆಂಕಿ ಹತ್ತುತ್ತಿಲ್ಲ. ಗುಹೆಯ ಹುಡುಗಿಯ ಮಾತೂ ಬರುತ್ತದೆ, ಆದರೆ ಕಣ್ಣಿಗೆ ಕಟ್ಟುವುದು ಆ ಹೆಣ. ಈ ಸಲ ಅವನು ಜಮಖಾನದ ಕಡೆ ಓಡಿದ. ಮಂಡಿಯೂರಿ ಅದನ್ನು ಮುಚ್ಚತೊಡಗಿದ. ಬಾಗಿಲ ಹಿಂದೆ ಕೂತವಳಿಗೆ ಎಲ್ಲ ಕೇಳಿಸುತ್ತಿತ್ತು.

ಅವನು ಯಾಕೆ ಹಾಗೆ ಮಾಡಿದ ಅಂತ ನಾಟಕ ಹೇಳುವುದಿಲ್ಲ. ಊರು, ದೇವರು, ಮೈಲಿಗೆ ಅಂತ ಯೋಚಿಸುವ ಅಭ್ಯಾಸದ ಮನುಷ್ಯ, ಬಾಗಿದಾಗಲೂ ಅದೇ ದಾರಿಯಲ್ಲಿ ಬಾಗಿದ ಅನ್ನುವುದು ನಮ್ಮ ತಂಡದ ಓದು. ನಿಮ್ಮದು ಬೇರೆ ಇರಬಹುದು. ಆದರೆ ಆ ಕ್ರಮವನ್ನು ಮಾತ್ರ ಬಿಡಬೇಡಿ. ಪಾತ್ರ ತನ್ನ ಬಗ್ಗೆ ಹೇಳಿಕೊಳ್ಳುವುದಕ್ಕಿಂತ, ಮೊದಲು ಏನು ಮಾಡಿತು, ಆಮೇಲೆ ಏನು ಮಾಡಿತು ಅನ್ನುವುದು ಹೆಚ್ಚು ಹೇಳುತ್ತದೆ.

ಅಂತಿಗೊನೆಯ ತಂಬಿಗೆ

ಕ್ರಿಯೋನನನ್ನು ಕೆಟ್ಟವನು ಮಾಡುವುದು ಎಷ್ಟು ಸುಲಭವೋ, ಅಂತಿಗೊನೆಯನ್ನು ದೇವತೆ ಮಾಡುವುದೂ ಅಷ್ಟೇ ಸುಲಭ. ಅವಳ ಪಾರ್ಟು ಮಾಡುವ ಅಕ್ಕ ಮೊದಮೊದಲು ಪ್ರತಿ ಸಾಲನ್ನೂ ಭಾಷಣದ ಹಾಗೆ ಹೇಳುತ್ತಿದ್ದಳು. ಅವಳನ್ನು ಬದಲಿಸಿದ್ದು ಕಾವಲುಗಾರನ ಒಂದು ಮಾತು. ಹೆಣದ ಮೇಲಿನ ಮಣ್ಣನ್ನು ಕಾವಲಿನವರು ಗುಡಿಸಿ ಹಾಕಿದ್ದರು. ಅದನ್ನು ಕಂಡು ಅಂತಿಗೊನೆ, ಗೂಡಿನಲ್ಲಿ ಮರಿ ಕಾಣದ ಹಕ್ಕಿಯ ಹಾಗೆ ಚೀರಿದಳಂತೆ. ಆಮೇಲೆ ಕೈಯಲ್ಲಿ ಒಣ ಮಣ್ಣು ತಂದು, ಕಂಚಿನ ಪಾತ್ರೆಯಿಂದ ಮೂರು ಸಲ ತರ್ಪಣ ಬಿಟ್ಟಳು. ಸರ್ ಒಂದು ತಂಬಿಗೆ ಕೊಟ್ಟು "ಮಾತ್ ಬ್ಯಾಡವಾ, ನೀರ್ ಬಿಡು" ಅಂದರು. ಅವಳ ಕೈ ನಡುಗಿತು. ಮುಂದಿನ ದೃಶ್ಯದಲ್ಲಿ ಕ್ರಿಯೋನನ ಎದುರು ದೇವರ ಬರೆಯದ ಕಾನೂನಿನ ಬಗ್ಗೆ ಅವಳು ಮಾತಾಡಿದಾಗ ಅದು ಭಾಷಣ ಅನಿಸಲಿಲ್ಲ. ಕೈ ಇನ್ನೂ ಒದ್ದೆಯಿತ್ತು.

ಅವಳ ಕೊನೆಯ ಮಾತಿನಲ್ಲಿ ಒಂದು ವಿಚಿತ್ರ ಭಾಗ ಇದೆ. ಗಂಡನಿಗಾಗಿ, ಮಕ್ಕಳಿಗಾಗಿ ಆಗಿದ್ದರೆ ನಾನು ಇದನ್ನು ಮಾಡುತ್ತಿರಲಿಲ್ಲ, ತಂದೆ-ತಾಯಿ ಸತ್ತ ಮೇಲೆ ಇನ್ನೊಬ್ಬ ಅಣ್ಣ ಎಲ್ಲಿಂದ ಬರುತ್ತಾನೆ ಅನ್ನುತ್ತಾಳೆ. ಎಷ್ಟೋ ಜನಕ್ಕೆ ಇದು ಇಷ್ಟವಾಗಿಲ್ಲ. ಜರ್ಮನ್ ಕವಿ ಗಯಟೆ 1827ರಲ್ಲಿ, ಈ ಸಾಲುಗಳು ಆಮೇಲೆ ಸೇರಿದವು ಅಂತ ಯಾರಾದರೂ ತೋರಿಸಿಕೊಟ್ಟರೆ ಚೆನ್ನ ಅಂದಿದ್ದ. ಆದರೆ ಅರಿಸ್ಟಾಟಲ್ ಆಗಲೇ ಇದನ್ನು ಉಲ್ಲೇಖಿಸಿದ್ದಾನೆ. ನಮ್ಮಲ್ಲೂ ಕತ್ತರಿಸೋಣ ಅಂತ ಚರ್ಚೆ ಆಯಿತು. ನಾನು ಬೇಡ ಅಂದೆ. ಸಾವಿನ ಬಾಗಿಲಲ್ಲಿ ನಿಂತ ಹುಡುಗಿ ತಾನು ಮಾಡಿದ್ದಕ್ಕೆ ಕಾರಣ ಹುಡುಕುತ್ತಿದ್ದಾಳೆ. ಸಿಕ್ಕ ಕಾರಣ ಸರಿಯಾಗಿ ಹೊಂದುತ್ತಿಲ್ಲ. ಅದನ್ನು ಕತ್ತರಿಸಿದರೆ ಮತ್ತೆ ದೇವತೆ ಆಗಿಬಿಡುತ್ತಾಳೆ.

ಹೈಮೋನ್ ಬಗ್ಗೆ ಸಣ್ಣ ಸೂಚನೆ: ಸಿಟ್ಟಿನಿಂದ ಒಳಗೆ ಬರಿಸಬೇಡಿ. "ಅಪ್ಪಾ, ನಾನು ನಿನ್ನವನು" ಅಂತಲೇ ಅವನು ಶುರು ಮಾಡುವುದು. ಸೋಲುವವರೆಗೂ ಅವನು ಅಪ್ಪನನ್ನು ಒಲಿಸಲು ನೋಡುತ್ತಾನೆ.

ನೀರಿನೊಳಗೆ ಬೆವರಿದವನು

ಚಹಾದ ಹೊತ್ತಿನಲ್ಲಿ ಗದಗಿನ ಗೆಳೆಯ ಒಮ್ಮೆ ರನ್ನನ ಗದಾಯುದ್ಧದ ಪದ್ಯ ಹಾಡಿದ. ಭೀಮನ ಕೂಗು ಕೇಳಿ ವೈಶಂಪಾಯನ ಸರೋವರದಲ್ಲಿದ್ದ ದುರ್ಯೋಧನ "ನೀರೊಳಗಿರ್ದುಂ ಬೆಮರ್ತನುರಗಪತಾಕಂ". ನೀರಿನೊಳಗಿದ್ದೂ ಬೆವರಿದ. ನಾವು ಇದನ್ನು ಹೆದರಿಕೆ ಅಂತ ಓದಿಬಿಡುತ್ತೇವೆ. ಪದ್ಯದಲ್ಲೇ ಅವನನ್ನು "ಕೋಪಾರುಣನೇತ್ರಂ" ಅಂತ ಕರೆದಿದೆ, ಸಿಟ್ಟಿನಿಂದ ಕಣ್ಣು ಕೆಂಪಾದವನು. ಅವನು ನೀರಿಗಿಳಿದದ್ದೂ ತನ್ನ ಇಷ್ಟದಿಂದಲ್ಲ, ಭೀಷ್ಮ ಹೇಳಿದ್ದಕ್ಕೆ. ಹಿರಿಯರ ಮಾತಿಗೆ ಕಟ್ಟುಬಿದ್ದು ಸುಮ್ನೆ ಕೂತವನು, ಮೇಲೆ ಶತ್ರು ಕೂಗುತ್ತಿದ್ದಾನೆ. ಎದ್ದು ಬರಲಾಗದ ಸಿಟ್ಟು ಅದು. ಇನ್ನು ಅವನಿಗೆ ಬೇಕಾಗಿರುವುದು ಏನು? ಅದನ್ನೂ ರನ್ನ ಅವನ ಬಾಯಲ್ಲೇ ಇಟ್ಟಿದ್ದಾನೆ. ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಹೋರಾಡುತ್ತೇನೆ, ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ. ಗೆಳೆಯನನ್ನು ಕಳೆದುಕೊಂಡವನ ಮಾತು ಇದು. ದೊಡ್ಡಾಟದಲ್ಲಿ ಗದೆ ತಿರುಗಿಸಿ ಅಬ್ಬರಿಸುವ ದುರ್ಯೋಧನನನ್ನು ನೋಡಿ ಬೆಳೆದ ಗೆಳೆಯ ಆ ಸಂಜೆ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಅವನ ಕ್ರಿಯೋನ್ ಇನ್ನಷ್ಟು ಮೆತ್ತಗೆ ಒಳಗೆ ಬಂದ.

ಇಸ್ಮೆನೆ ಎಲ್ಲಿ?

ಒಂದು ಲೆಕ್ಕ ಇನ್ನೂ ಬಗೆಹರಿದಿಲ್ಲ. "ಪ್ರೀತಿಯ ಹೈಮೋನ್, ನಿನ್ನಪ್ಪ ನಿನಗೆ ಎಂಥಾ ಅವಮಾನ ಮಾಡುತ್ತಾನೆ" ಅಂತ ಒಂದು ಸಾಲಿದೆ. ಹಸ್ತಪ್ರತಿಗಳಲ್ಲಿ ಅದು ಇಸ್ಮೆನೆಯ ಮಾತು. ಆಮೇಲೆ ಕೆಲವು ಸಂಪಾದಕರು ಅಂತಿಗೊನೆಗೆ ಕೊಟ್ಟರು. ಅವಳಿಗೆ ಕೊಟ್ಟರೆ ಅವಳೊಳಗೆ ಒಬ್ಬ ಪ್ರೇಮಿ ಕಾಣುತ್ತಾಳೆ. ಇಸ್ಮೆನೆಗೇ ಬಿಟ್ಟರೆ ಅಂತಿಗೊನೆ ತನ್ನ ವರನ ಹೆಸರನ್ನು ಒಮ್ಮೆಯೂ ಎತ್ತುವುದಿಲ್ಲ. ನಾವು ಇಸ್ಮೆನೆಗೇ ಬಿಟ್ಟಿದ್ದೇವೆ.

ಆದರೆ ಆ ದೃಶ್ಯ ಮುಗಿದ ಮೇಲೆ ಇಸ್ಮೆನೆ ಮತ್ತೆ ರಂಗಕ್ಕೆ ಬರುವುದೇ ಇಲ್ಲ. ಈಡಿಪಸ್‌ನ ಮಕ್ಕಳಲ್ಲಿ ಬದುಕಿ ಉಳಿದವಳು ಅವಳೊಬ್ಬಳೇ. ಅಂತಿಗೊನೆ ಗುಹೆಗೆ ಹೋಗುವಾಗ ಅರಸುಮನೆಯಲ್ಲಿ ಉಳಿದ ಕೊನೆಯವಳು ನಾನು ಅನ್ನುತ್ತಾಳೆ, ತಂಗಿಯನ್ನು ಲೆಕ್ಕಕ್ಕೇ ಹಿಡಿಯದೆ. ಆ ಪಾರ್ಟು ಮಾಡುವ ಹುಡುಗಿ ಮೊನ್ನೆ ಕೇಳಿದಳು: "ಕೊನೀಗೆ ನಾ ಬಾಗ್ಲಾಗ ಬಂದ್ ನಿಲ್ಲಲೇನ್ರಿ ಸರ್? ಮಾತೇನೂ ಬ್ಯಾಡ."

ಸರ್ ತಕ್ಷಣ ಉತ್ತರ ಕೊಡಲಿಲ್ಲ. ನನ್ನ ಕೈಯಿಂದ ಪ್ರತಿ ತಗೊಂಡು ಕೊನೆಯ ನಾಲ್ಕು ಪುಟ ಓದಿದರು. ಆಮೇಲೆ ಅವಳ ಕೈಗೆ ಆ ತಂಬಿಗೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿ, ಕ್ರಿಯೋನನಿಗೆ ಕೊನೆಯ ಸಾಲುಗಳನ್ನು ಮತ್ತೆ ಹೇಳು ಅಂದರು. ಒಂದು ಸಲ ಅವಳು ನಿಂತ ಹಾಗೆ, ಒಂದು ಸಲ ಬಾಗಿಲು ಖಾಲಿ ಬಿಟ್ಟು. ಎರಡನ್ನೂ ನಾಡಿದ್ದು ಮತ್ತೆ ಮಾಡಿ ನೋಡುತ್ತೇವೆ.