ಟೇಪ್ ಸುತ್ತಿದರೆ ನಡೆಯದ ವೈರಿಂಗ್

ಹೋದ ಮಳೆಗಾಲದಲ್ಲಿ ನನ್ನ ಬೈಕಿನ ಹೆಡ್‌ಲೈಟ್ ಹೋಗಿತ್ತು. ಇಲಿ ವೈರು ಕಡಿದಿತ್ತು. ಬೀದರ್‌ನ ಮೆಕ್ಯಾನಿಕ್ ಒಬ್ಬರು ಎರಡೂ ತುದಿಗಳನ್ನು ಹಲ್ಲಲ್ಲೇ ಸುಲಿದರು. ಹೊಸೆದು ಕರಿ ಟೇಪ್ ಸುತ್ತಿದರು. "ಏನೂ ಆಗಂಗಿಲ್ಲ, ಹೋಗ್ರಿ ಸರ" ಅಂದರು. ಅಷ್ಟರಲ್ಲಿ ಹಾಕ್ ವಿಮಾನವೊಂದು ಕಿವಿ ಗಡಚಿಕ್ಕುವಂತೆ ತಲೆ ಮೇಲೆ ಹೋಯಿತು. ಬೀದರ್‌ನವರು ಆ ಸದ್ದಿಗೆ ತಲೆ ಎತ್ತುವುದಿಲ್ಲ. 1963ರಿಂದ ವಾಯುಪಡೆ ಇಲ್ಲಿ ಪೈಲಟ್‌ಗಳನ್ನು ತಯಾರು ಮಾಡುತ್ತಿದೆ. ಹಿಂದೆ ಕಿರಣ್ ವಿಮಾನಗಳಿದ್ದವು, 2008ರಲ್ಲಿ ಹಾಕ್ ಬಂತು. ನಾನು ಮಾತ್ರ ಅವತ್ತು ಮೇಲೆ ನೋಡಿದೆ. ಅದರ ಹೊಟ್ಟೆಯಲ್ಲೂ ವೈರು ಇರುತ್ತದೆ ಅಲ್ವಾ? ಅದು ಕಡಿದರೆ ಏನು ಮಾಡುತ್ತಾರೆ?

ಬೈಕಿನವರು ವೈರಿಂಗ್ ಕಿಟ್ ಅನ್ನುವುದನ್ನೇ ವಿಮಾನದವರು ಹಾರ್ನೆಸ್ ಅನ್ನುತ್ತಾರೆ. ಹತ್ತಾರು, ಕೆಲವೊಮ್ಮೆ ನೂರಾರು ವೈರುಗಳನ್ನು ಒಂದು ಕಟ್ಟು ಮಾಡಿ, ಅದಕ್ಕೆ ಕವಲು ಬಿಟ್ಟು, ತುದಿಗೆ ಕನೆಕ್ಟರ್ ಹಾಕಿದ್ದು. ನೋಡಲು ಎಲೆ ಉದುರಿದ ಬಳ್ಳಿ ಇದ್ದಂತೆ. ಇದಕ್ಕೆ ಮರ್ಯಾದೆ ಸಿಕ್ಕಿದ್ದು ಬಹಳ ತಡವಾಗಿ. ಇಂಜಿನ್, ರೆಕ್ಕೆ, ರೇಡಾರ್ ಎಲ್ಲ ಕೂರಿಸಿದ ಮೇಲೆ ಮಿಕ್ಕ ಸಂದಿಯಲ್ಲಿ ವೈರು ತೂರಿಸು ಅನ್ನುವುದೇ ದಶಕಗಟ್ಟಲೆ ನಡೆದ ರೂಢಿ.

ಶುರುವಿನಲ್ಲಿ ಅದು ತಪ್ಪೂ ಆಗಿರಲಿಲ್ಲ. 1903ರ ರೈಟ್ ಸಹೋದರರ ವಿಮಾನದಲ್ಲಿ ಕರೆಂಟಿನ ಕೆಲಸ ಅಂತ ಇದ್ದದ್ದು ಇಂಜಿನ್‌ಗೆ ಕಿಡಿ ಕೊಡುವುದಷ್ಟೇ. ಆಮೇಲೆ ರೇಡಿಯೊ ಬಂತು, ದೀಪ ಬಂತು, ರೇಡಾರ್ ಬಂತು. ವೈರು ಜಾಸ್ತಿಯಾದಂತೆ ತೂಕವೂ ಜಾಸ್ತಿಯಾಯಿತು. ಹಾಗಾಗಿ ವೈರಿನ ಮೇಲಿನ ಹೊದಿಕೆಯನ್ನು ತೆಳ್ಳಗೆ ಮಾಡಬೇಕು ಅನ್ನುವ ಹಟ ಹಿಡಿಯಿತು. 1970ರ ದಶಕದಲ್ಲಿ ಕ್ಯಾಪ್ಟಾನ್ (Kapton) ಅನ್ನುವ ಹೊದಿಕೆ ಎಲ್ಲರಿಗೂ ಅಚ್ಚುಮೆಚ್ಚಾಯಿತು. ತೆಳ್ಳಗಿತ್ತು, ಹಗುರವಿತ್ತು, ಕಾವು ತಡೆಯುತ್ತಿತ್ತು. ಆದರೆ ತೇವ ಹತ್ತಿದರೆ ಕಾಲಕ್ರಮೇಣ ಬಿರುಕು ಬಿಡುತ್ತಿತ್ತು. ಬಿರುಕಿನಲ್ಲಿ ಕಿಡಿ ಹಾರಿದರೆ ಹೊದಿಕೆ ಸುಟ್ಟು ಇದ್ದಿಲಾಗುತ್ತಿತ್ತು. ಆ ಇದ್ದಿಲಿನಲ್ಲೇ ಕರೆಂಟು ಹರಿದು, ಕಿಡಿ ಪಕ್ಕದ ವೈರಿಗೆ ದಾಟುತ್ತಿತ್ತು. ಕರೆಂಟನ್ನು ತಡೆಯಬೇಕಾದ ಹೊದಿಕೆಯೇ ದಾರಿ ಬಿಟ್ಟುಕೊಟ್ಟಂತೆ. 1980ರ ದಶಕದಲ್ಲಿ ಅಮೆರಿಕದ ನೌಕಾಪಡೆ ತನ್ನ ವಿಮಾನಗಳಿಗೆ ಇದು ಬೇಡ ಅಂದಿತು.

1996ರಲ್ಲಿ ಬೀದರ್‌ನಲ್ಲಿ ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ್ ತಂಡ ಹುಟ್ಟಿತು. ಅದೇ ವರ್ಷದ ಜುಲೈ 17ರಂದು ನ್ಯೂಯಾರ್ಕ್‌ನಿಂದ ಹೊರಟ ಟಿಡಬ್ಲ್ಯೂಎ 800 ವಿಮಾನ ಆಕಾಶದಲ್ಲೇ ಸಿಡಿಯಿತು. 230 ಜನ ಸತ್ತರು. ಬಾಂಬು, ಕ್ಷಿಪಣಿ ಅಂತೆಲ್ಲ ಸುದ್ದಿ ಹಬ್ಬಿತು. ನಾಲ್ಕು ವರ್ಷ ತನಿಖೆ ನಡೆಯಿತು. ಸಿಡಿದದ್ದು ಇಂಧನದ ಟ್ಯಾಂಕು ಎಂದು ಖಚಿತವಾಯಿತು. ಕಿಡಿಯ ಮೂಲ ಸಾಬೀತಾಗಲಿಲ್ಲ. ಟ್ಯಾಂಕಿನ ಹೊರಗೆ ಎಲ್ಲೋ ಶಾರ್ಟ್ ಆಗಿ, ಇಂಧನ ಅಳೆಯುವ ವೈರಿನ ಮೂಲಕ ಹೆಚ್ಚಿನ ವೋಲ್ಟೇಜ್ ಒಳಗೆ ಹೋಗಿರುವ ಸಾಧ್ಯತೆಯೇ ಹೆಚ್ಚು ಎಂದರು. ಎರಡು ವರ್ಷದ ನಂತರ, 1998ರ ಸೆಪ್ಟೆಂಬರ್ 2ರಂದು, ಸ್ವಿಸ್ಏರ್ 111 ಕೆನಡಾದ ಕಡಲಿಗೆ ಬಿತ್ತು. 229 ಜನ. ಅಲ್ಲೂ ವೈರಿನ ಕಿಡಿ. ಕಾಕ್‌ಪಿಟ್‌ನ ಚಾವಣಿಯೊಳಗಿನ ಹೊದಿಕೆಗೆ ಬೆಂಕಿ ಹತ್ತಿತ್ತು.

ಆಗ ಹಳೇ ವಿಮಾನಗಳನ್ನು ಬಿಚ್ಚಿ ನೋಡಿದರು. ಬಿರುಕು ಬಿಟ್ಟ ವೈರು, ಕಟ್ಟಿನ ನಡುವೆ ಸಿಕ್ಕ ಲೋಹದ ಚೂರು, ಧೂಳು. 2007ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಹೊಸ ನಿಯಮ ತಂದಿತು. ಸುಮ್ನೆ ಬಿಡಿಭಾಗ ಆಗಿದ್ದ ವೈರಿಂಗ್ ಆಗಿನಿಂದ ತನ್ನದೇ ವಿನ್ಯಾಸ, ತನ್ನದೇ ತಪಾಸಣೆ ಇರುವ ಒಂದು ಪೂರ್ತಿ ವ್ಯವಸ್ಥೆ ಆಯಿತು. ಎಷ್ಟು ಹೆಣ ಬಿದ್ದ ಮೇಲೆ ಅಂತ ಲೆಕ್ಕ ಹಾಕಿದರೆ ಸಿಟ್ಟು ಬರುತ್ತದೆ.

ಅದೇ ಹೊತ್ತಿಗೆ ಯುರೋಪಿನ ವಿಮಾನ ಕಂಪನಿ ಏರ್‌ಬಸ್ ಬೇರೆ ಪಾಠ ಕಲಿಯುತ್ತಿತ್ತು. ಅದರ ದೈತ್ಯ ವಿಮಾನ ಎ380ಯಲ್ಲಿ ಸುಮಾರು 530 ಕಿಲೋಮೀಟರ್ ವೈರು ಇದೆ. ಅಂದರೆ ಬೀದರ್‌ನಿಂದ ಹೊರಟು ಹೆಚ್ಚೂಕಮ್ಮಿ ದಾವಣಗೆರೆ ದಾಟುವಷ್ಟು. ಜರ್ಮನಿಯವರು ವಿನ್ಯಾಸದ ಸಾಫ್ಟ್‌ವೇರಿನ ಹಳೇ ಆವೃತ್ತಿ ಬಳಸಿದರು, ಫ್ರಾನ್ಸಿನವರು ಹೊಸದು. ಲೆಕ್ಕ ತಾಳೆಯಾಗಲಿಲ್ಲ. ಫ್ರಾನ್ಸಿನ ಟುಲೂಸ್‌ನಲ್ಲಿ ಕೂರಿಸಲು ಹೋದರೆ ಹಾರ್ನೆಸ್ ಗಿಡ್ಡ. ವಿಮಾನ ಎರಡು ವರ್ಷದಷ್ಟು ತಡವಾಯಿತು. ಮೊದಲನೆಯದು ಗಿರಾಕಿ ಕೈಸೇರಿದ್ದು 2007ರ ಅಕ್ಟೋಬರ್‌ನಲ್ಲಿ.

ಇಷ್ಟೆಲ್ಲ ಕಂಪ್ಯೂಟರ್ ಇದ್ದರೂ ಹಾರ್ನೆಸ್ ಕಟ್ಟುವುದು ಇವತ್ತಿಗೂ ಬಹುಪಾಲು ಕೈಯಲ್ಲೇ. ನನಗೆ ಇಷ್ಟವಾದದ್ದು ಇದೇ. ನಿಜವಾದ ಅಳತೆಯ ನಕ್ಷೆಯನ್ನು ದೊಡ್ಡ ಹಲಗೆಗೆ ಅಂಟಿಸಿ, ತಿರುವುಗಳಲ್ಲಿ ಮೊಳೆ ನೆಡುತ್ತಾರೆ. ನಂಬರು ಹಾಕಿದ ವೈರುಗಳನ್ನು ಒಂದೊಂದಾಗಿ ಮೊಳೆ ಸುತ್ತ ಎಳೆಯುತ್ತಾರೆ. ವೈರು ಸುಲಿಯುವಾಗ ಒಳಗಿನ ಎಳೆಗೆ ಗೀರು ಬೀಳಬಾರದು. ಹಲ್ಲಂತೂ ಹತ್ತಿರ ಸುಳಿಯುವಂತಿಲ್ಲ. ತುದಿಯ ಪಿನ್ನಿಗೆ ಸಾಮಾನ್ಯವಾಗಿ ಸೋಲ್ಡರ್ ಹಾಕುವುದಿಲ್ಲ, ಅಳತೆಯ ಒತ್ತಡದಲ್ಲಿ ಅದುಮುತ್ತಾರೆ, ಅದೇ ಕ್ರಿಂಪಿಂಗ್. ಸೋಲ್ಡರ್ ಹಾಕಿದ ಜಾಗ ಗಡುಸಾಗುತ್ತದೆ, ವಿಮಾನದ ನಡುಕಕ್ಕೆ ಅಲ್ಲೇ ಮುರಿಯುತ್ತದೆ. ಆಮೇಲೆ ದಾರದ ಪಟ್ಟಿಯಲ್ಲಿ ಕಟ್ಟನ್ನು ಬಿಗಿಯುವುದು, ಪ್ರತಿ ವೈರನ್ನೂ ಪರೀಕ್ಷಿಸುವುದು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡು ವೈರು ಹಾಕಿದ್ದರೆ, ಎರಡನ್ನೂ ಒಂದೇ ಕಟ್ಟಿನಲ್ಲಿ ಒಯ್ಯಬಾರದು. ಕನೆಕ್ಟರ್ ಹತ್ತಿರ ವೈರಿಗೆ ಒಂದು ಜೋಲು ಬಿಡುತ್ತಾರೆ, ನೀರು ಅಲ್ಲಿಂದ ತೊಟ್ಟಿಕ್ಕಲಿ ಅಂತ. ನಮ್ಮ ಮನೆಗಳ ಸರ್ವಿಸ್ ವೈರಿಗೂ ಲೈನ್‌ಮನ್ ಹೀಗೇ ಜೋಲು ಬಿಡುತ್ತಾರೆ, ಗಮನಿಸಿ. ಇನ್ನು ವೈರು ಕಡಿದರೆ? ಒಪ್ಪಿಗೆ ಪಡೆದ ರೀತಿಯಲ್ಲೇ ಸರಿಮಾಡಿ, ಯಾರು ಮಾಡಿದರು, ಏನು ಹಾಕಿದರು ಎಂದು ಬರೆದಿಡಬೇಕು.

ಹಾಗಿದ್ದರೆ ಈ ಕೈಕೆಲಸ ಬೀದರ್‌ನಲ್ಲಿ ಯಾಕೆ ಬೇರು ಬಿಡಲಿಲ್ಲ? ವಿಮಾನ ಇಲ್ಲಿ ಹಾರುತ್ತದೆ, ಕಟ್ಟುವುದು ಬೆಂಗಳೂರಿನಲ್ಲಿ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಅಲ್ಲಿ ಶುರುವಾಯಿತು. ಅದರ ಸುತ್ತ ಸಣ್ಣ ಕಾರ್ಖಾನೆಗಳು ಬೆಳೆದವು. ಆಗ ಬೀದರ್ ನಿಜಾಮನ ಸೀಮೆ. ಇಂದು ಬೋಯಿಂಗ್‌ಗೆ ಹಾರ್ನೆಸ್ ಕಟ್ಟುವ ಸಾಸ್ಮೋಸ್, ರಾಸೆಲ್ ಟೆಕ್‌ಸಿಸ್ ಎರಡೂ ಬೆಂಗಳೂರಿನವು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ನಮಗೆ ಕಾಲೇಜಿನಲ್ಲಿ ಸೀಟು ಕೊಟ್ಟಿತು, ಸರ್ಕಾರಿ ನೌಕರಿಯಲ್ಲಿ ಪಾಲು ಕೊಟ್ಟಿತು. ಕಾರ್ಖಾನೆ ತರುವುದು ಅದರ ಕೆಲಸ ಅಲ್ಲ.

ಬಿದ್ರಿಯ ಬೆಳ್ಳಿ ತಂತಿ ಕೂರಿಸುವ ಕೈಗಳಿಗೆ ಇದು ಕಷ್ಟವೇ ಅಂತ ಭಾಷಣ ಬಿಗಿಯುವುದು ಸುಲಭ. ನಾನು ಹಾಗನ್ನುವುದಿಲ್ಲ. ಬಿದ್ರಿಯವರಿಗೆ ಅವರ ಕಸುಬೇ ಸಾಕಷ್ಟಿದೆ. ನನ್ನ ಕಣ್ಣು ಐಟಿಐ ಮೇಲೆ. ಅಲ್ಲಿ ವೈರ್‌ಮನ್ ಟ್ರೇಡ್ ಅಂತ ಇರುತ್ತದೆ, ಮನೆ ವೈರಿಂಗ್ ಕಲಿಸುತ್ತಾರೆ. ಹಾರ್ನೆಸ್‌ಗೆ ಭಾರೀ ಯಂತ್ರ ಬೇಡ. ಸ್ವಚ್ಛ ಕೋಣೆ, ಹಲಗೆ, ಒಳ್ಳೆಯ ಕ್ರಿಂಪಿಂಗ್ ಸಲಕರಣೆ, ಪರೀಕ್ಷೆಯ ಯಂತ್ರ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಗುಣಮಟ್ಟದ ಸರ್ಟಿಫಿಕೇಟು ಬೇಕು, ತೊಡಕಿರುವುದು ಅಲ್ಲೇ. ಹೊಸ ಊರಿನ ಹೊಸ ಕೋಣೆಯನ್ನು ವಿಮಾನ ಕಂಪನಿ ಒಂದೇ ದಿನದಲ್ಲಿ ನಂಬುವುದಿಲ್ಲ, ನಂಬಲೂಬಾರದು. ಆದರೆ ಬೆಂಗಳೂರೇ ದಾರಿ ಅಂತೇನಿಲ್ಲ. ಅಪಾಚಿ ಹೆಲಿಕಾಪ್ಟರಿನ ಒಡಲು ತಯಾರಾಗುವುದು ಹೈದರಾಬಾದ್ ಪಕ್ಕದ ಆದಿಭಟ್ಲದಲ್ಲಿ. ಬೀದರ್‌ನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು.