48 ಅಲ್ಲ, 46: ನಮ್ಮ ಕ್ರೋಮೋಸೋಮ್‌ಗಳನ್ನು ಸರಿಯಾಗಿ ಎಣಿಸಲು ಯಾಕಷ್ಟು ಕಾಲ ಹಿಡಿಯಿತು?

1953ರಲ್ಲಿ ಡಿಎನ್‌ಎ ರಚನೆ ಹೇಗಿದೆ ಎಂದು ವ್ಯಾಟ್ಸನ್ ಮತ್ತು ಕ್ರಿಕ್ ಬರೆದರು. ಎರಡು ಎಳೆಗಳು ಸುತ್ತಿಕೊಂಡಿರುವ ಆ ಚಿತ್ರ ಎಲ್ಲರಿಗೂ ಗೊತ್ತು. ಆದರೆ ಅದೇ ವರ್ಷ ಯಾವುದಾದರೂ ದೊಡ್ಡ ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರ ಹತ್ತಿರ ಹೋಗಿ, ಮನುಷ್ಯನ ಒಂದು ಜೀವಕೋಶದಲ್ಲಿ ಎಷ್ಟು ಕ್ರೋಮೋಸೋಮ್, ಅಂದರೆ ಡಿಎನ್‌ಎ ಎಳೆ ಸುತ್ತಿಕೊಂಡು ಆದ ಕಡ್ಡಿಗಳು ಇವೆ ಸಾರ್ ಎಂದು ಕೇಳಿದ್ದರೆ, 48 ಎನ್ನುತ್ತಿದ್ದರು. ಅದು ತಪ್ಪು. ಸರಿಯಾದದ್ದು 46. ಇವತ್ತು ಹೈಸ್ಕೂಲು ಮಕ್ಕಳು ಥಟ್ಟನೆ ಹೇಳುವ ಈ ಸಂಖ್ಯೆ ಗಟ್ಟಿಯಾಗಿದ್ದು 1955ರ ಕೊನೆಗೆ, ಅಂದರೆ ಡಿಎನ್‌ಎ ರಚನೆ ತಿಳಿದು ಎರಡು ವರ್ಷ ಕಳೆದ ಮೇಲೆ.

ಇದು ಬರೀ ಲೆಕ್ಕದ ತಪ್ಪಾಗಿದ್ದರೆ ಇಷ್ಟುದ್ದ ಬರೆಯುವ ಅಗತ್ಯ ಇರಲಿಲ್ಲ. ಎಣಿಕೆ ಸರಿಹೋಗುವವರೆಗೆ, ಮಗು ಹೀಗ್ಯಾಕೆ ಹುಟ್ಟಿತು ಎನ್ನುವ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯೇ ಇರಲಿಲ್ಲ. ಉತ್ತರ ಇಲ್ಲದ ಕಡೆ ತಪ್ಪು ಯಾರ ಮೇಲೆ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ ಅಲ್ವಾ? ತಾಯಿಯ ಮೇಲೆ. ನಮ್ಮ ಮನೆಗಳಲ್ಲಿ ಅದು ಇನ್ನೂ ನಿಂತಿಲ್ಲ.

ಮೊದಲು, ಎಣಿಸುವುದು ಯಾಕೆ ಕಷ್ಟ ಎಂದು ನೋಡೋಣ. ಕೋಶ ಸುಮ್ನೆ ತನ್ನ ಕೆಲಸ ಮಾಡಿಕೊಂಡಿರುವಾಗ ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಡಿಎನ್‌ಎ ಎಳೆಗಳು ಬಿಚ್ಚಿಕೊಂಡು ನ್ಯೂಕ್ಲಿಯಸ್ ತುಂಬ ಹರಡಿರುತ್ತವೆ. ಒಂದೇ ಒಂದು ಕೋಶದಲ್ಲಿರುವುದನ್ನು ನೇರಕ್ಕೆ ಎಳೆದು ಸಾಲಾಗಿ ಇಟ್ಟರೆ ಸುಮಾರು 2 ಮೀಟರ್ ಆಗುತ್ತದೆ. ಕೋಶ ಎರಡಾಗುವ ಹೊತ್ತು ಬಂದಾಗ ಮೊದಲು ಎಲ್ಲದಕ್ಕೂ ಒಂದೊಂದು ಪ್ರತಿ ತಯಾರಾಗುತ್ತದೆ, ಆಮೇಲೆ ಎಳೆಗಳೆಲ್ಲ ಬಿಗಿಯಾಗಿ ಸುತ್ತಿಕೊಂಡು ಗಿಡ್ಡ ಕಡ್ಡಿಗಳಾಗುತ್ತವೆ, ಕೋಶದ ನಡುವೆ ಬಂದು ನಿಲ್ಲುತ್ತವೆ, ಒಂದು ಪ್ರತಿ ಆ ಕಡೆಗೆ ಇನ್ನೊಂದು ಈ ಕಡೆಗೆ ಎಳೆದುಕೊಂಡು ಹೋಗುತ್ತವೆ. ಇದೇ ಮೈಟಾಸಿಸ್. ನಮ್ಮ ಕೋಶಗಳಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ಕೆಲಸ. ಅದರಲ್ಲೂ ಎಣಿಸಲು ಆಗುವಷ್ಟು ಸ್ಪಷ್ಟವಾಗಿ ಕಾಣುವುದು ಸ್ವಲ್ಪ ಹೊತ್ತು ಮಾತ್ರ, ಆಗಲೂ ಎಲ್ಲ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ.

ಈ ಹಂತಗಳನ್ನು ನಿಚ್ಚಳವಾಗಿ ಕಂಡು ಬರೆದವರು ಜರ್ಮನಿಯ ಕೀಲ್‌ನಲ್ಲಿದ್ದ ವಾಲ್ಟರ್ ಫ್ಲೆಮಿಂಗ್. ಕಪ್ಪೆಯ ಬಳಗಕ್ಕೆ ಸೇರಿದ ಸಾಲಮಾಂಡರ್ ಮರಿಗಳನ್ನು ಆರಿಸಿಕೊಂಡರು, ಅದರ ಕ್ರೋಮೋಸೋಮ್‌ಗಳು ದಪ್ಪ. ಕೋಶಗಳಿಗೆ ಬಟ್ಟೆಯ ಬಣ್ಣದ ರಾಸಾಯನಿಕ ಹಾಕಿ, ಕಂಡದ್ದನ್ನೆಲ್ಲ ಕೈಯಲ್ಲೇ ಬರೆದು 1882ರಲ್ಲಿ ಪುಸ್ತಕ ಮಾಡಿದರು. ಅವರ ಚಿತ್ರಗಳನ್ನು ಇವತ್ತಿನ ಫೋಟೋ ಪಕ್ಕ ಇಟ್ಟು ನೋಡಿ, ಅಷ್ಟು ನಿಖರ. ಆದರೆ ಅಪ್ಪ ಅಮ್ಮನ ಗುಣ ಮಕ್ಕಳಿಗೆ ಬರುವುದಕ್ಕೂ ಈ ಕಡ್ಡಿಗಳಿಗೂ ಏನು ಸಂಬಂಧ ಎಂಬುದು ಆಗ ಗೊತ್ತಿರಲಿಲ್ಲ.

ಆ ಇನ್ನರ್ಧ ಉತ್ತರ ಆಗಲೇ ಅಚ್ಚಾಗಿ ಧೂಳು ತಿನ್ನುತ್ತಿತ್ತು. ಈಗಿನ ಚೆಕ್ ದೇಶದ ಬ್ರನೋ ಪಟ್ಟಣದ ಮಠದಲ್ಲಿ ಗ್ರೆಗರ್ ಮೆಂಡೆಲ್ ಬಟಾಣಿ ಗಿಡ ಬೆಳೆಸಿ, 1866ರಲ್ಲಿ ಲೆಕ್ಕ ಪ್ರಕಟಿಸಿದ್ದರು. ದುಂಡು ಕಾಳು ಮತ್ತು ಸುಕ್ಕು ಕಾಳಿನ ಗಿಡಗಳನ್ನು ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲ ದುಂಡು. ಅದರ ಮುಂದಿನ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು. ಮೂರಕ್ಕೆ ಒಂದು. ಸುಕ್ಕಿನ ಗುಣ ಎಲ್ಲೂ ಕರಗಿ ಹೋಗಿರಲಿಲ್ಲ, ಒಂದು ಪೀಳಿಗೆ ಅಡಗಿ ಕೂತಿತ್ತು ಅಷ್ಟೆ. ಅಂದರೆ ಪ್ರತಿ ಗುಣಕ್ಕೂ ಎರಡು ಪಾಲು ಇರಬೇಕು, ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಮಕ್ಕಳಿಗೆ ಕೊಡುವಾಗ ಎರಡರಲ್ಲಿ ಒಂದನ್ನಷ್ಟೇ ಕೊಡಬೇಕು. 1900ರ ತನಕ ಇದನ್ನು ಹೆಚ್ಚು ಕಡೆ ಯಾರೂ ಗಮನಿಸಲೇ ಇಲ್ಲ. ಮೆಂಡೆಲ್ 1884ರಲ್ಲೇ ತೀರಿಕೊಂಡಿದ್ದರು.

1902, 1903ರ ಸುಮಾರಿಗೆ ಎರಡೂ ಅರ್ಧಗಳು ಕೂಡಿಕೊಂಡವು. ಜರ್ಮನಿಯಲ್ಲಿ ಬೊವೇರಿ ಕಡಲಿನ ಪ್ರಾಣಿಗಳಲ್ಲಿ, ಅಮೆರಿಕದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಸಟನ್ ಮಿಡತೆಗಳಲ್ಲಿ ನೋಡಿದ್ದು ಒಂದೇ: ಕ್ರೋಮೋಸೋಮ್‌ಗಳು ಜೋಡಿ ಜೋಡಿಯಾಗಿವೆ, ವೀರ್ಯಾಣು ಅಂಡಾಣು ಆಗುವಾಗ ಮಾತ್ರ ಜೋಡಿ ಬೇರೆಯಾಗಿ ಅರ್ಧ ಉಳಿಯುತ್ತದೆ. ಮೆಂಡೆಲ್ ಹೇಳಿದ ಪಾಲು ನಡೆದುಕೊಳ್ಳುವುದೂ ಹೀಗೇ ಅಲ್ವಾ? ಈ ಅರ್ಧವಾಗುವ ವಿಭಜನೆಯೇ ಮಿಯಾಸಿಸ್. ನಮ್ಮಲ್ಲಿ 23 ಜೋಡಿ, ಪ್ರತಿ ಜೋಡಿಯಿಂದ ಯಾವುದು ಹೋಗುತ್ತದೆ ಎಂಬುದು ಆಕಸ್ಮಿಕ. ಹಾಗಾಗಿ ಒಬ್ಬರೇ ಮನುಷ್ಯರಿಂದ 83,88,608 ಬಗೆಯ ಜೋಡಣೆ ಸಾಧ್ಯ. ಸುಮಾರು 84 ಲಕ್ಷ! 84 ಲಕ್ಷ ಜೀವರಾಶಿ ಎಂಬ ದಾಸರ ಕಾಲದ ಮಾತಿಗೂ ಇದಕ್ಕೂ ಸಂಬಂಧವೇನೂ ಇಲ್ಲ, ಆದರೂ ಆ ಸಂಖ್ಯೆ ನೋಡಿದಾಗ ಖುಷಿಯಾಗುತ್ತದೆ. ಜೋಡಿಗಳು ಬೇರೆಯಾಗುವ ಮೊದಲು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಅದನ್ನೂ ಸೇರಿಸಿದರೆ ಲೆಕ್ಕಕ್ಕೆ ಕೊನೆಯೇ ಇಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ತಮ್ಮ ಒಬ್ಬರಿಗೊಬ್ಬರು ಹೋಲದಿರುವುದು ಇದಕ್ಕೇ.

1905ರಲ್ಲಿ ನೆಟ್ಟೀ ಸ್ಟೀವನ್ಸ್ ಎಂಬ ಅಮೆರಿಕದ ವಿಜ್ಞಾನಿ ಹಿಟ್ಟಿನಲ್ಲಿ ಬೀಳುವ ಹುಳುವಿನ ಜಾತಿಯ ಒಂದು ಕೀಟದಲ್ಲಿ ಎಣಿಸಿದರು. ಹೆಣ್ಣಿನಲ್ಲಿ 20 ದೊಡ್ಡ ಕ್ರೋಮೋಸೋಮ್. ಗಂಡಿನಲ್ಲಿ 19 ದೊಡ್ಡವು, ಒಂದು ಪುಟ್ಟದು. ಆ ಪುಟ್ಟದ್ದೇ ನಾವು ಈಗ ವೈ ಎನ್ನುವುದು. ಅದು ಇರುವ ವೀರ್ಯಾಣು ಕೂಡಿದರೆ ಗಂಡು, ಇಲ್ಲದ್ದು ಕೂಡಿದರೆ ಹೆಣ್ಣು; ಮನುಷ್ಯರಲ್ಲೂ ಇದೇ ಏರ್ಪಾಡು. ನೂರು ವರ್ಷಕ್ಕಿಂತ ಹಿಂದೆಯೇ ತಿಳಿದ ವಿಷಯ ಇದು. ಮೂರನೆಯದೂ ಹೆಣ್ಣಾಯಿತು ಎಂದು ಸೊಸೆಯನ್ನು ಹಂಗಿಸುವವರಿಗೆ ಯಾರಾದರೂ ಎದುರಿಗೆ ಕೂತು ಹೇಳಲೇಬೇಕು, ಅಂಡಾಣುವಿನಲ್ಲಿ ವೈ ಇರುವುದಿಲ್ಲ.

ಹುಳುವಿನಲ್ಲಿ 20 ಎಂದು ಎಣಿಸಿದ್ದಾಯಿತು. ಮನುಷ್ಯನದ್ದು? ಅಲ್ಲಿ ಎಲ್ಲರೂ ಎಡವಿದರು. 1912ರಲ್ಲಿ ಫಾನ್ ವಿನಿವಾರ್ಟರ್ ಎಂಬವರು ಗಂಡಸಿನಲ್ಲಿ 47, ಹೆಂಗಸಿನಲ್ಲಿ 48 ಎಂದರು. ಆಮೇಲೆ ಟೆಕ್ಸಾಸ್‌ನ ಥಿಯೋಫಿಲಸ್ ಪೇಂಟರ್ ಬಂದರು. ಅವರಿಗೆ ಸಿಕ್ಕ ಸಾಮಗ್ರಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಂದರಲ್ಲಿದ್ದ ಮೂವರು ಗಂಡಸರಿಂದ ತೆಗೆದ ವೃಷಣ. ಈ ಇತಿಹಾಸ ಬರೆಯುವಾಗ ಆ ಮೂವರನ್ನು ಒಂದು ಸಾಲಿನಲ್ಲಾದರೂ ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ತೆಳ್ಳಗೆ ಕೊಯ್ದ ತುಣುಕುಗಳನ್ನು ನೋಡಿ ಪೇಂಟರ್ 1921ರಲ್ಲಿ, 46 ಅಥವಾ 48 ಇರಬೇಕು, ಚೆನ್ನಾಗಿ ಕಂಡ ಕೋಶಗಳಲ್ಲಿ 46 ಎಂದು ಬರೆದರು. ಸರಿಯಾದ ಉತ್ತರ ಕೈಯಲ್ಲೇ ಇತ್ತು. ಆದರೆ 1923ರಲ್ಲಿ 48 ಎಂದು ತೀರ್ಮಾನ ಮಾಡಿಬಿಟ್ಟರು. ಅವರು ಎಚ್ಚರದ, ಹೆಸರಿನ ವಿಜ್ಞಾನಿ, ಹಾಗಾಗಿ ಆ 48 ಪಠ್ಯಪುಸ್ತಕಗಳಿಗೆ ಹೋಯಿತು, ಅಲ್ಲೇ ಮೂವತ್ತು ವರ್ಷ ಕೂತಿತು.

ಮುಂದೆ ನಡೆದದ್ದು ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ. ಟೆಕ್ಸಾಸ್‌ನಲ್ಲೇ ಟಿ. ಸಿ. ಶೂ ಎಂಬ ಚೀನೀ ಮೂಲದ ವಿಜ್ಞಾನಿ ಒಂದು ದಿನ ಸ್ಲೈಡ್ ನೋಡುತ್ತಾರೆ, ಕ್ರೋಮೋಸೋಮ್‌ಗಳು ಎಂದೂ ಇಲ್ಲದ ಹಾಗೆ ಬಿಡಿಬಿಡಿಯಾಗಿ ಹರಡಿಕೊಂಡಿವೆ. ಯಾಕೆ ಎಂದು ತಿಂಗಳುಗಟ್ಟಲೆ ಗೊತ್ತಾಗಲಿಲ್ಲ. ಕೊನೆಗೆ ತಿಳಿದದ್ದು, ಕೋಶಗಳನ್ನು ತೊಳೆಯುವ ಉಪ್ಪಿನ ದ್ರಾವಣ ತಯಾರಿಸುವಾಗ ಯಾರೋ ಅಳತೆ ತಪ್ಪಿಸಿ ಉಪ್ಪು ಕಡಿಮೆ ಮಾಡಿದ್ದರು. ಉಪ್ಪು ಕಡಿಮೆಯಾದ ನೀರಿನಲ್ಲಿ ಕೋಶಗಳು ರಾತ್ರಿ ನೆನೆಸಿಟ್ಟ ಕಡಲೆಕಾಳಿನ ಹಾಗೆ ಉಬ್ಬಿ, ಒಳಗಿದ್ದದ್ದೆಲ್ಲ ದೂರದೂರ ಸರಿದಿತ್ತು. 1952ರಲ್ಲಿ ಶೂ ಇದನ್ನು ಪ್ರಕಟಿಸಿದರು. ಅಷ್ಟು ಒಳ್ಳೆಯ ಸ್ಲೈಡ್ ಕಣ್ಣೆದುರು ಇದ್ದೂ ಅವರೂ 48 ಎಂದೇ ಎಣಿಸಿದರು! ಪುಸ್ತಕದಲ್ಲಿ ಇದ್ದದ್ದು ಅದೇ ತಾನೇ.

ಕೊನೆಗೆ ಸರಿಯಾಗಿ ಎಣಿಸಿದವರು ಜೋ ಹಿನ್ ಚಿಯೋ. ಅವರು ಹುಟ್ಟಿದ್ದು ಜಾವಾ ದ್ವೀಪದಲ್ಲಿ, 1919ರಲ್ಲಿ. ಓದಿದ್ದು ಕೃಷಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಅವರನ್ನು ಸೆರೆಶಿಬಿರದಲ್ಲಿಟ್ಟು ಹಿಂಸೆ ಕೊಟ್ಟಿತು. ಯುದ್ಧ ಮುಗಿದ ಮೇಲೆ ಯುರೋಪಿಗೆ ಬಂದು, ಸ್ಪೇನ್‌ನಲ್ಲಿ ಗಿಡಗಳ ಕ್ರೋಮೋಸೋಮ್ ಕೆಲಸ ಮಾಡುತ್ತ, ರಜೆಗಳಲ್ಲಿ ಸ್ವೀಡನ್‌ನ ಲುಂಡ್‌ಗೆ ಹೋಗಿ ಆಲ್ಬರ್ಟ್ ಲೆವಾನ್ ಅವರ ಪ್ರಯೋಗಾಲಯದಲ್ಲಿ ಕೂರುತ್ತಿದ್ದರು. ಲೆವಾನ್ 1938ರಲ್ಲೇ ಈರುಳ್ಳಿ ಬೇರಿನ ಮೇಲೆ ಕಾಲ್ಚಿಸಿನ್ ಎಂಬ ವಿಷದ ಪರಿಣಾಮ ನೋಡಿದ್ದವರು. ಈ ವಿಷ ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುವ ನೂಲುಗಳನ್ನೇ ಕಟ್ಟಲು ಬಿಡುವುದಿಲ್ಲ, ಹಾಗಾಗಿ ವಿಭಜನೆ ನಡುವೆಯೇ ನಿಂತುಬಿಡುತ್ತದೆ, ಎಣಿಸಲು ಬೇಕಾದ ಸರಿಯಾದ ಹಂತದಲ್ಲಿ. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಗೌರಿ ಹಬ್ಬದ ಹೊತ್ತಿಗೆ ಅರಳುವ ಗೌರಿ ಹೂ, ಅಂದರೆ ಅಗ್ನಿಶಿಖೆಯ ಗಡ್ಡೆಯಲ್ಲೂ ಬೀಜದಲ್ಲೂ ಇರುವ ವಿಷ ಇದೇ. ಮಕ್ಕಳಿರುವ ಮನೆಯವರು ಅದರ ಗಡ್ಡೆಯ ಬಗ್ಗೆ ಹುಷಾರಾಗಿರಬೇಕು.

ಚಿಯೋ ಎರಡನ್ನೂ ಕೂಡಿಸಿದರು. ಭ್ರೂಣದ ಶ್ವಾಸಕೋಶದಿಂದ ಬೆಳೆಸಿದ ಕೋಶಗಳಿಗೆ ಕಾಲ್ಚಿಸಿನ್ ಹಾಕಿ, ಕಡಿಮೆ ಉಪ್ಪಿನ ನೀರಿನಲ್ಲಿ ಉಬ್ಬಿಸಿ, ಗಾಜಿನ ಕೆಳಗೆ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿದರು. 1955ರ ಡಿಸೆಂಬರ್ 22ರ ನಡುರಾತ್ರಿ ದಾಟಿ ಎರಡು ಗಂಟೆಗೆ ನೋಡಿದರೆ 46. ಒಂದು ಕೋಶ ನೋಡಿ ನಂಬಲಿಲ್ಲ, 261 ಕೋಶ ಎಣಿಸಿದರು. 1956ರ ಜನವರಿಯಲ್ಲಿ ಲೇಖನ ಬಂತು. ಅದರಲ್ಲೇ ಒಂದು ಮಾತಿದೆ: ಲೆವಾನ್‌ರ ಪರಿಚಿತ ಸಂಶೋಧಕರು ಅದಕ್ಕೂ ಮೊದಲು ಮನುಷ್ಯನ ಯಕೃತ್ತಿನ ಕೋಶ ನೋಡಿ, 48 ಸಿಗದೆ ಬರೀ 46 ಸಿಕ್ಕಿತೆಂದು ಕೆಲಸವನ್ನೇ ಕೈಬಿಟ್ಟಿದ್ದರು. ತಮ್ಮ ಕಣ್ಣಿಗಿಂತ ಪುಸ್ತಕವನ್ನು ಜಾಸ್ತಿ ನಂಬಿದರು, ಅವರನ್ನು ನಾನು ದೂರುವುದಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲೂ ಎಣಿಸಿ 46 ಸರಿ ಎಂದರು.

ಇಷ್ಟಾದ ಮೇಲೆ ಮೂರೇ ವರ್ಷ. ಪ್ಯಾರಿಸ್‌ನ ಮಾರ್ತ್ ಗೋತಿಯೆ ಹೃದಯದ ಡಾಕ್ಟರು, ಅಮೆರಿಕದಲ್ಲಿ ಕೋಶ ಬೆಳೆಸುವುದನ್ನು ಕಲಿತು ಬಂದಿದ್ದರು. ಆಸ್ಪತ್ರೆಯಲ್ಲಿ ಸರಿಯಾದ ಸೌಕರ್ಯ ಇಲ್ಲ. ಕೋಶ ಬೆಳೆಸಲು ರಕ್ತದ ದ್ರವ ಭಾಗಗಳಾದ ಪ್ಲಾಸ್ಮಾ, ಸೀರಮ್ ಬೇಕು. ಪ್ಲಾಸ್ಮಾಗೆ ಒಂದು ಹುಂಜ ಸಾಕಿಕೊಂಡರು, ಸೀರಮ್‌ಗೆ ತಮ್ಮದೇ ರಕ್ತ ತೆಗೆದರು. ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಸ್ಥಿತಿ ಇರುವ ಮಗುವಿನ ಕೋಶ ಬೆಳೆಸಿ ಎಣಿಸಿದರೆ 46ರ ಬದಲು 47! ಫೋಟೋ ತೆಗೆಯುವ ಸೂಕ್ಷ್ಮದರ್ಶಕ ಅವರ ಹತ್ತಿರ ಇರಲಿಲ್ಲ, ಸ್ಲೈಡುಗಳನ್ನು ಸಂಶೋಧಕ ಜೆರೋಮ್ ಲೆಜೂನ್ ತೆಗೆದುಕೊಂಡು ಹೋದರು. 1959ರ ಜನವರಿಯಲ್ಲಿ ಬಂದ ಲೇಖನದಲ್ಲಿ ಮೊದಲ ಹೆಸರು ಲೆಜೂನ್, ಎರಡನೆಯದು ಗೋತಿಯೆ, ಅದೂ ಅಕ್ಷರ ತಪ್ಪಾಗಿ. ಹೆಸರೆಲ್ಲ ಲೆಜೂನ್‌ಗೆ ಹೋಯಿತು. ಐವತ್ತು ವರ್ಷದ ಮೇಲೆ ಆಕೆ ತಮ್ಮ ಪಾಲಿನ ಕಥೆ ಹೇಳಿದರು, 2014ರಲ್ಲಿ ಫ್ರಾನ್ಸ್‌ನ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನೀತಿ ಸಮಿತಿ ಅದರಲ್ಲಿ ಹುರುಳಿದೆ ಎಂದಿತು. 48 ಎಂದೇ ನಂಬಿಕೊಂಡಿದ್ದರೆ 47 ಕಂಡಾಗ ಒಂದು ಕಡಿಮೆ ಎಂದುಕೊಳ್ಳುತ್ತಿದ್ದರು. ಎಣಿಕೆಗೆ ಇಷ್ಟು ಬೆಲೆ ಇರುವುದು ಅದಕ್ಕೇ.

ಅಲ್ಲಿಯವರೆಗೆ ಇಂಥ ಮಗುವಿಗೆ ಅಪ್ಪ ಅಮ್ಮನ ಕುಡಿತ ಕಾರಣ, ಗುಹ್ಯರೋಗ ಕಾರಣ, ಕ್ಷಯ ಕಾರಣ ಎಂದೆಲ್ಲ ಡಾಕ್ಟರುಗಳೇ ಹೇಳುತ್ತಿದ್ದರು. ನಿಜವಾಗಿ ಆಗುವುದು ಇಷ್ಟು: ಮಿಯಾಸಿಸ್‌ನಲ್ಲಿ 21ನೇ ಜೋಡಿ ಬೇರೆಯಾಗಬೇಕಾದದ್ದು ಆಗದೆ, ಎರಡೂ ಒಂದೇ ಅಂಡಾಣುವಿಗೆ ಹೋಗುತ್ತವೆ. ಕೆಲವು ಸಲ ವೀರ್ಯಾಣುವಿನಲ್ಲೂ ಹೀಗಾಗುತ್ತದೆ. ಅಂಡಾಣುವಿನಲ್ಲೇ ಜಾಸ್ತಿ ಆಗಲು ಕಾರಣವಿದೆ. ಹೆಣ್ಣುಮಗು ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳು ಈ ವಿಭಜನೆ ಶುರು ಮಾಡಿ ನಡುವೆ ನಿಂತುಬಿಡುತ್ತವೆ, ಉಳಿದದ್ದು ಮುಗಿಯುವುದು ಎಷ್ಟೋ ವರ್ಷದ ಮೇಲೆ. ಅಷ್ಟು ಕಾಲ ಜೋಡಿಗಳನ್ನು ಹಿಡಿದಿಡುವ ಪ್ರೋಟೀನ್ ಸಡಿಲವಾಗುತ್ತದೆ. 35ರ ವಯಸ್ಸಿಗೆ ಸುಮಾರು 350 ಹೆರಿಗೆಗೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು. ಇಪ್ಪತ್ತರ ತಾಯಂದಿರಿಗೂ ಆಗುತ್ತದೆ. ಬಸುರಿಯಲ್ಲಿ ಪಪ್ಪಾಯಿ ತಿಂದದ್ದಕ್ಕಲ್ಲ, ಗ್ರಹಣದ ದಿನ ಹೊರಗೆ ಬಂದದ್ದಕ್ಕಲ್ಲ, ಯಾರ ಶಾಪಕ್ಕೂ ಅಲ್ಲ.

ಈಗ ಎಣಿಸಲು ಎರಡು ಮೂರು ಎಂಎಲ್ ರಕ್ತ ಸಾಕು. ಅದೂ 1960ರ ಕೊಡುಗೆ, ಕೆಂಪು ರಾಜ್ಮಾ ಕಾಳಿನಿಂದ ತೆಗೆದ ಒಂದು ಪದಾರ್ಥ ಹಾಕಿದರೆ ಬಿಳಿ ರಕ್ತಕಣಗಳು ವಿಭಜನೆ ಶುರು ಮಾಡುತ್ತವೆ ಎಂದು ಆಗ ಗೊತ್ತಾಯಿತು. ಪರೀಕ್ಷೆಯ ಹೆಸರು ಕ್ಯಾರಿಯೋಟೈಪ್.

ಇನ್ನೊಂದು ಮಾತು. ಸಂಖ್ಯೆಯಲ್ಲೇ ದೊಡ್ಡಸ್ತಿಕೆ ಏನೂ ಇಲ್ಲ. ನಮ್ಮ ಘಟ್ಟದ ಕಾಡುಗಳಲ್ಲಿ ನಾಯಿಯಂತೆ ಬೊಗಳುವ ಕಾಡುಕುರಿ ಇದೆಯಲ್ಲ, ಅದರ ಹೆಣ್ಣಿಗೆ ಬರೀ 6, ಗಂಡಿಗೆ 7. ಸಸ್ತನಿಗಳಲ್ಲೇ ಅತಿ ಕಡಿಮೆ. ಚೀನಾದಲ್ಲಿರುವ ಅದರ ನೆಂಟನಿಗೆ 46. ಭಾರತದ ಕಾಡುಕುರಿಯಲ್ಲಿ ಕ್ರೋಮೋಸೋಮ್‌ಗಳು ಕಾಲಕಾಲಕ್ಕೆ ಒಂದಕ್ಕೊಂದು ಅಂಟಿಕೊಂಡು ಉದ್ದವಾದವು, ವಂಶವಾಹಿಗಳು ಹೆಚ್ಚುಕಡಿಮೆ ಹಾಗೇ ಉಳಿದವು. ಚಿಂಪಾಂಜಿಗೆ 48, ನಮ್ಮ 2ನೇ ಕ್ರೋಮೋಸೋಮ್ ಕೂಡ ಅಂಥ ಎರಡು ಅಂಟಿ ಆದದ್ದೇ.

ಮನುಷ್ಯರಲ್ಲೂ ಈ ಅಂಟಿಕೊಳ್ಳುವಿಕೆ ಈಗಲೂ ಆಗುತ್ತದೆ. 14 ಮತ್ತು 21 ಅಂಟಿಕೊಂಡವರ ಎಣಿಕೆ 45, ಆದರೆ ಒಳಗಿನ ಸರಕೆಲ್ಲ ಸರಿಯಾಗಿರುವುದರಿಂದ ಅವರು ಪೂರ್ತಿ ಆರೋಗ್ಯವಾಗಿರುತ್ತಾರೆ, ಗೊತ್ತೇ ಆಗುವುದಿಲ್ಲ. ಮಕ್ಕಳಿಗೆ ಮಾತ್ರ 21ರ ಪಾಲು ಹೆಚ್ಚಾಗಿ ಹೋಗಬಹುದು. ಡೌನ್ ಸಿಂಡ್ರೋಮ್ ಇರುವ ನೂರು ಮಕ್ಕಳಲ್ಲಿ ಮೂರು ನಾಲ್ಕು ಮಕ್ಕಳದ್ದು ಈ ಬಗೆ. ಕೆಲವು ಸಲ ಇದು ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ, ಕೆಲವು ಸಲ ಅಮ್ಮನಿಂದ, ಕೆಲವು ಸಲ ಅಪ್ಪನಿಂದ ಬಂದಿರುತ್ತದೆ. ಮುಂದಿನ ಮಗುವಿನ ಬಗ್ಗೆ ಡಾಕ್ಟರು ಏನು ಹೇಳಬೇಕೆನ್ನುವುದು ಇದರ ಮೇಲೆ ನಿಂತಿದೆ. ಆದ್ದರಿಂದ ಮಗುವಿನ ಕ್ಯಾರಿಯೋಟೈಪ್ ರಿಪೋರ್ಟಿನಲ್ಲಿ ಟ್ರಾನ್ಸ್‌ಲೊಕೇಶನ್ ಎಂದು, ಅಂದರೆ ಹೀಗೆ ಅಂಟಿಕೊಂಡಿದೆ ಎಂದು ಬರೆದಿದ್ದರೆ ಗಂಡ ಹೆಂಡತಿ ಇಬ್ಬರೂ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಂಡತಿ ಒಬ್ಬಳನ್ನೇ ಕಳಿಸಿದರೆ ಸಾಲದು.