ಸ್ಪೋಕನ್ ಇಂಗ್ಲಿಷ್: ಗ್ರಾಮರ್ ಜೊತೆಗೆ ಒತ್ತನ್ನೂ ಕಲಿಯೋಣ

ಕನ್ನಡ ಮೀಡಿಯಂನಲ್ಲಿ ಓದಿದವರು ಸ್ಪೋಕನ್ ಇಂಗ್ಲಿಷ್ ಕಲಿಯಲು ಹೊರಟರೆ ಮೊದಲು ಕೈಗೆ ತೆಗೆದುಕೊಳ್ಳುವುದು ಗ್ರಾಮರ್ ಪುಸ್ತಕ. ಹನ್ನೆರಡು ಟೆನ್ಸ್, ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ಅದೆಲ್ಲ ಬೇಕು. ಆದರೆ ಫೋನಿನ ಆ ಕಡೆ ಇರುವವರು ‘ಸಾರಿ, ಇನ್ನೊಂದು ಸಲ ಹೇಳಿ’ ಅಂತ ಕೇಳುವುದು ಟೆನ್ಸ್ ತಪ್ಪಿದ್ದಕ್ಕೆ ಅಲ್ಲ. ‘ಯೆಸ್ಟರ್‌ಡೇ ಐ ಗೋ ಟು ಬ್ಯಾಂಕ್’ ಅಂದರೂ ವಿಷಯ ಅವರಿಗೆ ತಿಳಿಯುತ್ತದೆ. ತಿಳಿಯದೆ ಹೋಗುವುದು ಪದದ ಒತ್ತು ತಪ್ಪು ಜಾಗದಲ್ಲಿ ಬಿದ್ದಾಗ. ಹೈದರಾಬಾದಿನಲ್ಲಿ ಇಂಗ್ಲಿಷ್ ಧ್ವನಿಶಾಸ್ತ್ರ ಕಲಿಸುತ್ತಿದ್ದ ಆರ್. ಕೆ. ಬನ್ಸಾಲ್, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟು ಅರ್ಥವಾಗುತ್ತದೆ ಅನ್ನುವುದನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದರು. ಅರ್ಥವಾಗದೆ ಹೋಗಲು ಅವರು ಗುರುತಿಸಿದ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಅದಕ್ಕೇ ಈ ಟಿಪ್ಪಣಿಯಲ್ಲಿ ಜಾಸ್ತಿ ಜಾಗ ಒತ್ತಿಗೇ ಕೊಟ್ಟಿದ್ದೇನೆ. ಇಲ್ಲಿ ಒತ್ತು ಅಂದರೆ ನಮ್ಮ ಒತ್ತಕ್ಷರ ಅಲ್ಲ, ದನಿಯ ಒತ್ತು. ಯಾವ ತುಂಡಿನ ಮೇಲೆ ಒತ್ತು ಬೀಳುತ್ತದೋ ಅದರ ಮುಂದೆ ˈ ಈ ಗೆರೆ ಹಾಕಿದ್ದೇನೆ. ಇಂಗ್ಲಿಷ್ ನಿಘಂಟುಗಳಲ್ಲೂ ಇದೇ ಗೆರೆ ಇರುತ್ತದೆ.

ಕನ್ನಡದ ಲೆಕ್ಕ, ಇಂಗ್ಲಿಷಿನ ಲೆಕ್ಕ

ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದೆ ಅಲ್ವಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕನ್ನಡದಲ್ಲಿ ಲೆಕ್ಕಕ್ಕೆ ಬರುವುದು ಅಕ್ಷರ ಎಷ್ಟು ಉದ್ದ ಅನ್ನುವುದು. ಬಳೆ ಬೇರೆ, ಬಾಳೆ ಬೇರೆ. ಆದರೆ ‘ಬಳೆ’ಯ ಮೊದಲ ಅಕ್ಷರವನ್ನು ಒತ್ತಿದರೂ ಎರಡನೆಯದನ್ನು ಒತ್ತಿದರೂ ಅದು ಬಳೆಯೇ. ಒತ್ತಿನಿಂದ ಅರ್ಥ ಬದಲಾಗುವುದಿಲ್ಲ. ಪ್ರತಿ ಅಕ್ಷರಕ್ಕೂ ಅದರ ಪಾಲಿನ ಮಾತ್ರೆ ಸಿಕ್ಕೇ ಸಿಗುತ್ತದೆ.

ಇಂಗ್ಲಿಷಿನಲ್ಲಿ ಹಾಗಿಲ್ಲ. ಪದದ ಒಂದು ತುಂಡನ್ನು ಗಟ್ಟಿಯಾಗಿ, ಸ್ವಲ್ಪ ಎಳೆದು, ದನಿ ಏರಿಸಿ ಹೇಳುತ್ತಾರೆ. ಉಳಿದ ತುಂಡುಗಳು ಕುಗ್ಗಿಹೋಗುತ್ತವೆ. ಕುಗ್ಗಿದ ಜಾಗದಲ್ಲಿ ಆ, ಓ, ಎ ಅನ್ನುವ ಪೂರ್ತಿ ಸ್ವರಗಳು ಉಳಿಯುವುದಿಲ್ಲ. ಬಾಯಿ ಸಡಿಲ ಬಿಟ್ಟರೆ ಬರುವ ಒಂದು ಮಬ್ಬು ‘ಅ’ ಬರುತ್ತದೆ. ಅದರ ಹೆಸರು ಶ್ವಾ. ನಿಘಂಟಿನಲ್ಲಿ ಅದನ್ನು ತಲೆಕೆಳಗು ಮಾಡಿದ ಇಂಗ್ಲಿಷಿನ ಸಣ್ಣ ‘e’ ಅಕ್ಷರದ ಹಾಗೆ, ə ಅಂತ ಬರೆಯುತ್ತಾರೆ. ಇಂಗ್ಲಿಷ್ ಮಾತಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳುವ ಸ್ವರ ಇದೇ.

ಒಂದು ಪದದ ಸಂಸಾರವನ್ನೇ ನೋಡಿ. ˈಫೋಟಗ್ರಾಫ್. ಫˈಟಾಗ್ರಫರ್. ಫೋಟˈಗ್ರಾಫಿಕ್. ಒತ್ತು ಜಾಗ ಬದಲಿಸಿದ ಹಾಗೆಲ್ಲ ಸ್ವರಗಳೂ ಬದಲಾಗಿವೆ. ಮೊದಲನೆಯದರಲ್ಲಿ ಇದ್ದ ‘ಫೋ’ ಎರಡನೆಯದರಲ್ಲಿ ಬರೀ ‘ಫ’. ನಾವು ‘ಫೋಟೋಗ್ರಾಫರ್’ ಅಂತ ಎಲ್ಲ ಅಕ್ಷರಗಳನ್ನೂ ಸಮಸಮವಾಗಿ ಹೇಳುತ್ತೇವೆ. ಇಂಗ್ಲಿಷ್ ಮಾತಾಡಿ ಬೆಳೆದವರ ಕಿವಿ ಮೊದಲು ಒತ್ತಿದ ತುಂಡನ್ನು ಹಿಡಿದು, ಅದರಿಂದ ಪದ ಯಾವುದು ಅಂತ ಗುರುತಿಸುತ್ತದೆ. ಆ ತುಂಡು ಸಿಗದಿದ್ದರೆ ಅವರು ಒಂದು ಕ್ಷಣ ತಡವರಿಸುತ್ತಾರೆ. ಅಷ್ಟರಲ್ಲಿ ನಾವು ಮುಂದಿನ ವಾಕ್ಯಕ್ಕೆ ಹೋಗಿರುತ್ತೇವೆ.

ಒತ್ತು ಎಲ್ಲಿ ಅಂತ ತಿಳಿಯುವುದು ಹೇಗೆ

ಪೂರ್ತಿ ನಿಯಮ ಇಲ್ಲ. ಆದರೆ ಕೆಲವು ನಿಯಮಗಳು ತುಂಬಾ ಕೆಲಸಕ್ಕೆ ಬರುತ್ತವೆ. ಪದದ ಕೊನೆಗೆ ‘ಷನ್’, ‘ಇಕ್’, ‘ಇಕಲ್’, ‘ಇಟಿ’ ಬಂದರೆ ಒತ್ತು ಅದರ ಹಿಂದಿನ ತುಂಡಿನ ಮೇಲೆ: ಎಜುˈಕೇಷನ್, ಎಕˈನಾಮಿಕ್, ಪˈಲಿಟಿಕಲ್, ಇಲೆಕ್ˈಟ್ರಿಸಿಟಿ. ಇದೊಂದನ್ನೇ ಗಟ್ಟಿ ಮಾಡಿಕೊಂಡರೂ ನೂರಾರು ಪದಗಳು ಸರಿಹೋಗುತ್ತವೆ. ತಪ್ಪಿಸಿಕೊಳ್ಳುವ ಪದಗಳೂ ಇವೆ. ˈಪಾಲಿಟಿಕ್ಸ್‌ನಲ್ಲಿ ಒತ್ತು ಮೊದಲ ತುಂಡಿಗೆ.

ಕೆಲವು ಪದಗಳು ನಾಮಪದವಾದಾಗ ಒಂದು ಕಡೆ, ಕ್ರಿಯಾಪದವಾದಾಗ ಇನ್ನೊಂದು ಕಡೆ ಒತ್ತಿಸಿಕೊಳ್ಳುತ್ತವೆ. ಕಡತದಲ್ಲಿರುವುದು ˈರೆಕರ್ಡ್, ನಾವು ಮಾಡುವುದು ರಿˈಕಾರ್ಡ್. ಉಡುಗೊರೆ ˈಪ್ರೆಸೆಂಟ್, ಮೀಟಿಂಗಿನಲ್ಲಿ ಮಂಡಿಸುವುದು ಪ್ರಿˈಸೆಂಟ್. ಇದನ್ನು ಎಲ್ಲ ಪದಕ್ಕೂ ಹಚ್ಚಬೇಡಿ. ರಿˈಪೋರ್ಟ್, ರಿˈಪ್ಲೈ ಎರಡೂ ಕಡೆ ಒಂದೇ ಥರ.

ನಿಜವಾಗಿ ಕಷ್ಟ ಕೊಡುವುದು ಹೊಸ ಪದಗಳಲ್ಲ, ಕನ್ನಡಕ್ಕೆ ಬಂದು ಮನೆಮಾತಾಗಿರುವ ಪದಗಳು. ಹೋಟೆಲ್, ಕಮಿಟಿ, ಡೆವಲಪ್. ಕನ್ನಡದಲ್ಲಿ ಅವನ್ನು ನಾವು ಹೇಳುವ ರೀತಿ ಸರಿಯಾಗಿಯೇ ಇದೆ, ಅದನ್ನು ತಿದ್ದಿಕೊಳ್ಳಬೇಕಾಗಿಲ್ಲ. ಇಂಗ್ಲಿಷ್ ವಾಕ್ಯದೊಳಗೆ ಬಂದಾಗ ಮಾತ್ರ ಹೋˈಟೆಲ್, ಕˈಮಿಟಿ, ಡಿˈವೆಲಪ್.

ಅನುಮಾನ ಬಂದರೆ ಕೇಂಬ್ರಿಡ್ಜ್ ಅಥವಾ ಆಕ್ಸ್‌ಫರ್ಡ್ ಆನ್‌ಲೈನ್ ನಿಘಂಟು ತೆರೆಯಿರಿ. ಸ್ಪೀಕರ್ ಗುರುತು ಒತ್ತಿದರೆ ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರಣೆ ಕೇಳಿಸುತ್ತದೆ. ಕೆಲವು ಪದಗಳಲ್ಲಿ ಅವರಿಬ್ಬರಿಗೇ ಹೊಂದುವುದಿಲ್ಲ. ಬ್ರಿಟನ್ನಿನಲ್ಲಿ ˈಗ್ಯಾರಾಜ್, ಅಮೆರಿಕದಲ್ಲಿ ಗˈರಾಜ್. ನಿಮ್ಮ ಜೊತೆ ಜಾಸ್ತಿ ಮಾತಾಡುವವರು ಯಾವ ದೇಶದವರೋ ಅದನ್ನೇ ಹಿಡಿದುಕೊಳ್ಳಿ.

‘ಕ್ಯಾನ್’ ಅಂದಿದ್ದು ‘ಕಾಂಟ್’ ಆಗುವುದು

ಒತ್ತು ಪದದೊಳಗೆ ಮಾತ್ರ ಅಲ್ಲ, ವಾಕ್ಯದಲ್ಲೂ ಇದೆ. ಅರ್ಥ ಹೊರುವ ಪದಗಳಿಗೆ ಒತ್ತು, ಟು, ಆಫ್, ಫಾರ್, ಅಂಡ್, ಕ್ಯಾನ್ ಮೊದಲಾದ ಸಣ್ಣ ಪದಗಳಿಗೆ ಇಲ್ಲ. ಇದರಿಂದ ಎಂಥ ಎಡವಟ್ಟಾಗಬಹುದು ನೋಡಿ. ಅಮೆರಿಕದ ಕ್ಲೈಂಟ್ ‘ಗುರುವಾರದ ಕಾಲ್‌ಗೆ ಬರುತ್ತೀರಾ?’ ಅಂತ ಕೇಳಿದರು ಅಂದುಕೊಳ್ಳಿ. ನಾವು ಸ್ಪಷ್ಟವಾಗಿರಲಿ ಅಂತ ‘ಐ ˈಕ್ಯಾನ್ ಜಾಯಿನ್’ ಅಂತ ಒತ್ತಿ ಹೇಳುತ್ತೇವೆ. ಅಮೆರಿಕನ್ ಮಾತಿನಲ್ಲಿ ‘ಆಗಲ್ಲ’ ಅನ್ನುವ ಕ್ಯಾಂಟ್‌ನ ಕೊನೆಯ ‘ಟ್’ ಎಷ್ಟೋ ಸಲ ಕಿವಿಗೆ ಬೀಳುವುದೇ ಇಲ್ಲ. ಅವರು ಆಗುತ್ತೆ, ಆಗಲ್ಲ ಅನ್ನುವುದನ್ನು ಒತ್ತಿನಿಂದಲೇ ಗುರುತಿಸುತ್ತಾರೆ. ಒತ್ತಿ ಹೇಳಿದರೆ ‘ಆಗಲ್ಲ’, ಒತ್ತದೆ ‘ಕ್ನ್’ ಅಂತ ನುಂಗಿದರೆ ‘ಆಗುತ್ತೆ’. ಹಾಗಾಗಿ ನಾವು ಬರುತ್ತೇವೆ ಅಂದದ್ದು ಅವರಿಗೆ ಬರುವುದಿಲ್ಲ ಅಂತ ಕೇಳಿಸಬಹುದು. ಸರಿಯಾದದ್ದು: ‘ಐ ಕ್ನ್ ˈಜಾಯಿನ್.’ ಬರಲಾಗದಿದ್ದರೆ ಬ್ರಿಟಿಷರಿಗೂ ಅಮೆರಿಕನ್ನರಿಗೂ ಗೊಂದಲವಾಗದ ಹಾಗೆ ‘ಐ ˈಕ್ಯಾನಾಟ್ ಜಾಯಿನ್’ ಅಂತ ಬಿಡಿಸಿ ಹೇಳಿಬಿಡಿ.

ಫಿಫ್ಟೀನ್, ಫಿಫ್ಟಿ ಗೊಂದಲವೂ ಹೀಗೇ. ಹದಿನೈದಕ್ಕೆ ಒತ್ತು ಕೊನೆಗೆ, ಫಿಫ್ˈಟೀನ್. ಐವತ್ತಕ್ಕೆ ಮೊದಲಿಗೆ, ˈಫಿಫ್ಟಿ. ದುಡ್ಡಿನ ವಿಷಯ ಆದರೆ ‘ಒನ್ ಫೈವ್, ಫಿಫ್ಟೀನ್’ ಅಂತ ಸೇರಿಸಿ ಹೇಳುವುದೇ ಕ್ಷೇಮ.

ಅಭ್ಯಾಸ: ವಾಕ್ಯಕ್ಕೆ ಪ್ರಸ್ತಾರ

ಪದ್ಯಕ್ಕೆ ಹಾಕಿದ ಹಾಗೆ ಇಂಗ್ಲಿಷ್ ವಾಕ್ಯಕ್ಕೂ ಪ್ರಸ್ತಾರ ಹಾಕಿ. ವಾಕ್ಯ ಬರೆದುಕೊಂಡು ಒತ್ತು ಬೀಳುವ ತುಂಡುಗಳ ಮೇಲೆ ಮಾತ್ರ ಗೆರೆ ಎಳೆಯಿರಿ. ಆ ತುಂಡು ಬಂದಾಗ ಮೇಜಿನ ಮೇಲೆ ಬೆರಳಿನಿಂದ ತಟ್ಟಿ. ‘ˈಬಸಸ್ ˈಸ್ಟಾಪ್ ˈಹಿಯರ್’ ಅನ್ನುವುದಕ್ಕೆ ಮೂರು ತಟ್ಟು. ‘ದ ˈಬಸ್ ವಿಲ್ ˈಸ್ಟಾಪ್ ಅಟ್ ದ ˈಗೇಟ್’ ಅನ್ನುವುದಕ್ಕೂ ಮೂರೇ ತಟ್ಟು. ಎರಡನೆಯ ವಾಕ್ಯದಲ್ಲಿ ಪದ ಜಾಸ್ತಿ ಇದ್ದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಮುಗಿಸಲು ನೋಡಿ. ಆಗ ‘ವಿಲ್’, ‘ಅಟ್ ದ’ ತಾವಾಗಿಯೇ ಕುಗ್ಗುತ್ತವೆ. ಮೊದಮೊದಲು ನಾಲಿಗೆ ಒಪ್ಪುವುದಿಲ್ಲ. ಬೆರಳನ್ನು ಬಿಡಬೇಡಿ, ಬೆರಳಿನ ಜೊತೆ ನಾಲಿಗೆ ಬರುತ್ತದೆ.

ಇದು ಕೂಡಿಬಂದ ಮೇಲೆ ಶಾಡೋಯಿಂಗ್ ಮಾಡಿ. ಅಂದರೆ ಒಬ್ಬರು ಮಾತಾಡುತ್ತಿರುವಾಗಲೇ ಅವರ ಬೆನ್ನಿಗೆ ಅಂಟಿಕೊಂಡು ಅದನ್ನೇ ಹೇಳುವುದು. ಬಿಬಿಸಿಯ ‘6 ಮಿನಿಟ್ ಇಂಗ್ಲಿಷ್’ ಇದಕ್ಕೆ ಚೆನ್ನಾಗಿದೆ. ಉಚಿತವಾಗಿ ಸಿಗುತ್ತದೆ, ಮಾತಿನ ಬರಹರೂಪವೂ ಜೊತೆಗಿದೆ. ಇಡೀ ಕಾರ್ಯಕ್ರಮ ಬೇಡ. ಅರ್ಧ ನಿಮಿಷದ ತುಂಡು ಸಾಕು. ಮೊದಲು ಬರಹಕ್ಕೆ ಪ್ರಸ್ತಾರ ಹಾಕಿ, ಆಮೇಲೆ ಜೊತೆಜೊತೆಗೆ ಹೇಳಿ, ಆಮೇಲೆ ಒಬ್ಬರೇ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೇಳುವಾಗ ಒತ್ತನ್ನು ಮಾತ್ರ ಗಮನಿಸಿ. ಗ್ರಾಮರ್, ಉಚ್ಚಾರಣೆ ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಒಂದೂ ಸರಿಹೋಗುವುದಿಲ್ಲ. ಸಿನಿಮಾ, ವೆಬ್ ಸೀರೀಸ್ ನೋಡಿ ಕಲಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಶುರುವಿನಲ್ಲಿ ನನಗೆ ಅದು ಒಳ್ಳೆಯ ಸಲಹೆ ಅನ್ನಿಸುವುದಿಲ್ಲ. ಅಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ, ಸಬ್‌ಟೈಟಲ್ ಓದುತ್ತಾ ಕಿವಿ ಸುಮ್ನೆ ಕೂತುಬಿಡುತ್ತದೆ.

ದನಿಗಳ ಬಗ್ಗೆ ಸ್ವಲ್ಪ

ನಮ್ಮ ‘ವ’ ಒಂದೇ, ಇಂಗ್ಲಿಷಿನಲ್ಲಿ ಎರಡು. ಬಳ್ಳಿ ಅನ್ನುವ ‘ವೈನ್’ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕುಡಿಯುವ ‘ವೈನ್’ ಹೇಳುವಾಗ ಹಲ್ಲು ತಾಗಬಾರದು. ‘ಉ’ ಅನ್ನಲು ತುಟಿ ದುಂಡಗೆ ಮಾಡಿ ಅಲ್ಲಿಂದ ಶುರು ಮಾಡಿ. ಪದದ ಮೊದಲಿನ ‘ಎ’ಗೆ ನಾವು ‘ಯೆ’, ‘ಓ’ಗೆ ‘ವೋ’ ಅನ್ನುತ್ತೇವೆ: ಯೆಗ್ಗು, ವೋಪನ್. ಅದನ್ನು ಬಿಡಲು ಬಾಯಿ ಮೊದಲೇ ತೆರೆದಿಟ್ಟುಕೊಂಡು ಶುರು ಮಾಡಿದರೆ ಸಾಕು.

ಎರಡು ಅಕ್ಷರ ಬರೆದಿದ್ದಾರೆ ಅಂತ ಸಮ್ಮರ್, ಬಟ್ಟರ್ ಅನ್ನಬೇಡಿ. ಕನ್ನಡದಲ್ಲಿ ಹಳಿ ಬೇರೆ, ಹಳ್ಳಿ ಬೇರೆ. ಇಂಗ್ಲಿಷ್ ಪದದೊಳಗೆ ಜೋಡಿ ಅಕ್ಷರ ಇದ್ದರೂ ದನಿ ಒಂದೇ: ಸಮರ್, ಬಟರ್. ಭೂತಕಾಲದ ಕೊನೆಯಲ್ಲೂ ‘ವಾಕೆಡ್’, ‘ಆಸ್ಕೆಡ್’ ಅಲ್ಲ. ವಾಕ್ಟ್, ಆಸ್ಕ್ಟ್. ‘ಟ’ ಅಥವಾ ‘ಡ’ ದನಿಯಿಂದ ಮುಗಿಯುವ ಕ್ರಿಯಾಪದಗಳಿಗೆ ಮಾತ್ರ ‘ಇಡ್’ ಸೇರುತ್ತದೆ: ವಾಂಟಿಡ್, ನೀಡಿಡ್.

‘ತಿಂಕ್’ ಅನ್ನುವಾಗ ನಾಲಿಗೆ ಹಲ್ಲಿನ ನಡುವೆ ಬರಲಿಲ್ಲ ಅಂತ ಚಿಂತೆ ಮಾಡುವವರಿದ್ದಾರೆ. ಬಿಡಿ, ನಮ್ಮ ‘ತ’ ಎಲ್ಲರಿಗೂ ಅರ್ಥವಾಗುತ್ತದೆ. ಐಇಎಲ್‌ಟಿಎಸ್‌ಗೆ (ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಗೆ) ಓದುತ್ತಿರುವವರೂ ಇದನ್ನು ನೆನಪಿಡಿ. ಅಲ್ಲಿನ ಸ್ಪೀಕಿಂಗ್ ಪರೀಕ್ಷೆ 11ರಿಂದ 14 ನಿಮಿಷ. ಸರಾಗತೆ, ಪದಸಂಪತ್ತು, ಗ್ರಾಮರ್, ಉಚ್ಚಾರಣೆ ನಾಲ್ಕಕ್ಕೂ ಸಮಪಾಲು. ಬ್ರಿಟಿಷರ ಹಾಗೆ ಮಾತಾಡಿದ್ದಕ್ಕೆ ಅಂಕವಿಲ್ಲ. ಕೇಳುವವರಿಗೆ ಸಲೀಸಾಗಿ ಅರ್ಥವಾಗುತ್ತದಾ, ಒತ್ತು, ಏರಿಳಿತ ಸರಿಯಿದೆಯಾ ಅನ್ನುವುದನ್ನು ನೋಡುತ್ತಾರೆ.

ಹೌದು, ಇಲ್ಲ

ಒತ್ತಿಗೆ ಸಂಬಂಧವಿಲ್ಲದ ಒಂದು ವಿಷಯ, ಆದರೆ ಬಿಡುವ ಹಾಗಿಲ್ಲ. ‘ಮೇಲ್ ಬಂದಿಲ್ವಾ?’ ಅಂದರೆ ಕನ್ನಡದಲ್ಲಿ ನಾವು ‘ಹೌದು, ಬಂದಿಲ್ಲ’ ಅನ್ನುತ್ತೇವೆ. ಕೇಳಿದವರ ಮಾತನ್ನು ಒಪ್ಪುತ್ತೇವೆ. ಇಂಗ್ಲಿಷಿನಲ್ಲಿ ಹೌದು, ಇಲ್ಲ ನಿಲ್ಲುವುದು ನಡೆದ ಸಂಗತಿಯ ಮೇಲೆ. ‘ಡಿಡಂಟ್ ಯು ಗೆಟ್ ದ ಮೇಲ್?’ ಅಂತ ಕೇಳಿದಾಗ ಬರೀ ‘ಯೆಸ್’ ಅಂದರೆ ಮೇಲ್ ಬಂದಿದೆ ಅಂತಲೇ ಅವರು ತಿಳಿಯುತ್ತಾರೆ. ಬಂದಿಲ್ಲದಿದ್ದರೆ ‘ನೋ, ಐ ಡಿಡಂಟ್’. ಒಂದೇ ಪದದಲ್ಲಿ ಉತ್ತರ ಮುಗಿಸದೆ ಕ್ರಿಯಾಪದವನ್ನೂ ಸೇರಿಸುವ ಅಭ್ಯಾಸ ಇಟ್ಟುಕೊಂಡರೆ ಗೊಂದಲವೇ ಆಗುವುದಿಲ್ಲ.

ಯಾವ ಪದಗಳಿಂದ ಶುರು ಮಾಡಬೇಕು

ಪುಸ್ತಕದ ಪಟ್ಟಿಯಿಂದ ಬೇಡ, ನಿಮ್ಮ ಕೆಲಸದಿಂದ ಶುರು ಮಾಡಿ. ದಿನವೂ ಬಾಯಿಗೆ ಬರುವ ಐವತ್ತು ಪದ ಬರೆಯಿರಿ. ಆಸ್ಪತ್ರೆಯಲ್ಲಿ ಇರುವವರಿಗೆ ಮೆಡಿಸಿನ್, ಡಯಾಬಿಟಿಸ್, ಇಂಜೆಕ್ಷನ್. ಸಾಫ್ಟ್‌ವೇರ್‌ನವರಿಗೆ ಡಿಪ್ಲಾಯ್, ಅಲ್ಗಾರಿದಮ್, ಡೆವಲಪ್‌ಮೆಂಟ್. ಹೋಟೆಲ್ ಕೆಲಸದವರಿಗೆ ಬ್ರೇಕ್‌ಫಾಸ್ಟ್, ರಿಸರ್ವೇಷನ್, ಕಂಪ್ಲೇಂಟ್. ಒಂದೊಂದನ್ನೂ ನಿಘಂಟಿನಲ್ಲಿ ಕೇಳಿ ಗೆರೆ ಹಾಕಿ, ಪ್ರತಿ ಪದಕ್ಕೂ ನೀವು ನಿಜವಾಗಿ ಹೇಳುವ ಒಂದು ವಾಕ್ಯ ಬರೆದು ತಟ್ಟುತ್ತಾ ಹೇಳಿ. ಮೇಲಿನ ಒಂಬತ್ತು ಪದಗಳಿಗೆ ನಾನು ಬೇಕೆಂದೇ ಗೆರೆ ಹಾಕಿಲ್ಲ. ಇವತ್ತಿನ ಅಭ್ಯಾಸಕ್ಕೆ ಅವೇ ಇರಲಿ.